ಗ್ಯಾರೇಜಿಗೆ ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಯಾಕೆ ಬೇಡ

ಅಮೆರಿಕದ ಮಿಷಿಗನ್‌ನಲ್ಲಿ ನವೆಂಬರ್ ಬಂತೆಂದರೆ ಗ್ಯಾರೇಜಿನಲ್ಲಿ ಮರಗೆಲಸ ಮಾಡುವವರ ಮಾತೆಲ್ಲ ಒಂದೇ ಕಡೆ ತಿರುಗುತ್ತದೆ: ಈ ಸಲ ಹೀಟರ್ ಯಾವುದು? ಇಲ್ಲಿ ಎಷ್ಟೋ ಮನೆಗಳಲ್ಲಿ ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತದೆ. ಗ್ಯಾರೇಜಿನ ಒಳಗೆ ಗರಗಸದ ಮೇಜು, ಡ್ರಿಲ್ ಮೆಷಿನ್, ಹಲಗೆಗಳ ರಾಶಿ. ಮನೆಯನ್ನು ಬೆಚ್ಚಗಿಡುವ ಬಿಸಿಗಾಳಿ ಗ್ಯಾರೇಜಿಗೆ ಬರುವುದಿಲ್ಲ. ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳು ಮಾಮೂಲು, ಉಳಿ ಹಿಡಿದರೆ ಬೆರಳು ಮರಗಟ್ಟುತ್ತದೆ, ಅಂಟು ಸರಿಯಾಗಿ ಕಚ್ಚುವುದಿಲ್ಲ. ಚಳಿಗಾಲ ಐದು ತಿಂಗಳು ಎಳೆಯುವ ಜಾಗದಲ್ಲಿ ಹವ್ಯಾಸವನ್ನು ಅಷ್ಟು ದಿನ ಮುಚ್ಚಿಡುವುದಕ್ಕೂ ಆಗಲ್ಲ ಅಲ್ವಾ?

ಆಗ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಚಿಮಣಿ ಇಲ್ಲದ ಗ್ಯಾಸ್ ಹೀಟರ್. ಗೋಡೆಗೆ ನೇತುಹಾಕಿ ನೀಲಿ ಜ್ವಾಲೆ ಉರಿಸುವುದು ಒಂದು ಬಗೆ. ಸೆರಾಮಿಕ್ ಹಲಗೆ ಕೆಂಪಗೆ ಕಾಯುವುದು ಇನ್ನೊಂದು. ಸಿಲಿಂಡರ್ ತಲೆಗೇ ತಿರುಗಿಸಿ ಕೂರಿಸುವುದೂ ಇದೆ, ಕಟ್ಟಡ ಕಟ್ಟುವ ಜಾಗದಲ್ಲಿ ಭರ್ರೆಂದು ಸದ್ದು ಮಾಡುವ ಫ್ಯಾನ್ ಇರುವ ಉದ್ದನೆಯ ಕೊಳವೆಯಂಥದ್ದೂ ಇದೆ. ಎಲ್ಲದರಲ್ಲೂ ಒಂದೇ ಗುಣ. ಉರಿದ ಗಾಳಿಯನ್ನು ಹೊರಗೆ ಒಯ್ಯುವ ಕೊಳವೆ ಇಲ್ಲ. ಗೋಡೆ ಕೊರೆಯುವ ಕೆಲಸ ಇಲ್ಲ, ಅಗ್ಗ, ಸಂಜೆ ತಂದರೆ ರಾತ್ರಿಯೇ ಬೆಚ್ಚಗೆ.

ಡಬ್ಬದ ಮೇಲೆ ಶೇಕಡಾ 99ಕ್ಕಿಂತ ಜಾಸ್ತಿ ದಕ್ಷತೆ ಎಂದು ಬರೆದಿರುತ್ತಾರೆ. ಅದು ಸುಳ್ಳಲ್ಲ. ಗ್ಯಾಸ್ ಕೊಟ್ಟ ಶಾಖವೆಲ್ಲ ಕೋಣೆಯಲ್ಲೇ ಉಳಿಯುತ್ತದೆ, ಯಾಕೆಂದರೆ ಹೊಗೆಯೂ ಕೋಣೆಯಲ್ಲೇ ಉಳಿಯುತ್ತದೆ. ಆ ದೊಡ್ಡ ಅಕ್ಷರದ 99ರ ಅರ್ಥ ಇಷ್ಟೇ.

ವಿಷಗಾಳಿಯ ಮಾತಿಗೆ ಆಮೇಲೆ ಬರುತ್ತೇನೆ. ಅದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಸರಿಯಾಗಿ ಹೇಳದೇ ಇರುವುದು ನೀರಿನ ಬಗ್ಗೆ.

ಈ ಹೀಟರುಗಳ ಸಿಲಿಂಡರಿನಲ್ಲಿರುವ ಪ್ರೋಪೇನ್ ಗ್ಯಾಸ್ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತದೆ, ಇದು ಶಾಲೆಯಲ್ಲಿ ಓದಿದ್ದೇ. ಎಷ್ಟು ನೀರು ಅಂತ ಲೆಕ್ಕ ಹಾಕಿ ನೋಡಿದವರು ಕಡಿಮೆ. ಒಂದು ಕಿಲೋ ಪ್ರೋಪೇನ್ ಉರಿದರೆ ಸುಮಾರು 1.6 ಕಿಲೋ ನೀರು. ತೂಕ ಹೆಚ್ಚಾಯಿತಲ್ಲ, ಹೇಗೆ ಅಂದರೆ ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ಇಲ್ಲಿ ಗ್ಯಾರೇಜಿಗೆ ಸಾಮಾನ್ಯವಾಗಿ ಕೊಳ್ಳುವ 30,000 ಬಿಟಿಯು (ಗಂಟೆಗೆ ಕೊಡುವ ಶಾಖದ ಅಳತೆ) ಹೀಟರ್ ಪೂರ್ತಿ ಉರಿದರೆ ಗಂಟೆಗೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಗ್ಯಾಸ್ ತಿನ್ನುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಬಾರ್ಬೆಕ್ಯೂಗೆ ಬಳಸುವ ಸುಮಾರು 9 ಕಿಲೋ ಗ್ಯಾಸಿನ ಸಿಲಿಂಡರ್ ಒಂದು ಖಾಲಿಯಾದರೆ 14 ಲೀಟರಿಗೂ ಮೀರಿ ನೀರು ನಿಮ್ಮ ಕಾರ್ಯಾಗಾರದೊಳಗೆ ಸುರಿದ ಹಾಗಾಯಿತು. ಒಂದು ಬಕೆಟ್ ನೀರು ತಂದು ಗರಗಸದ ಪಕ್ಕ ಚೆಲ್ಲುತ್ತೇನೆಂದರೆ ಯಾರೂ ಬಿಡಲ್ಲ. ಆವಿಯಾಗಿ ಬಂದರೆ ಯಾರಿಗೂ ಕಾಣಲ್ಲ.

ಕಾಣದಿರುವುದು ಸ್ವಲ್ಪ ಹೊತ್ತು ಮಾತ್ರ. ಎರಡು ಕಾರು ಹಿಡಿಯುವ ಗ್ಯಾರೇಜಿನಲ್ಲಿ ಹೆಚ್ಚುಕಡಿಮೆ 100 ಘನ ಮೀಟರ್ ಗಾಳಿ ಇರುತ್ತದೆ. 15 ಡಿಗ್ರಿಯಲ್ಲಿ ಅಷ್ಟೂ ಗಾಳಿ ಒಟ್ಟು ಹಿಡಿದಿಟ್ಟುಕೊಳ್ಳಬಲ್ಲ ನೀರು 1.3 ಲೀಟರ್ ಆಸುಪಾಸು. ಅಂದರೆ ಸಂದುಗೊಂದು ಮುಚ್ಚಿದ ಗ್ಯಾರೇಜಿನಲ್ಲಿ ಗಂಟೆಯೊಂದರಲ್ಲೇ ಗಾಳಿ ತುಂಬಿಹೋಗುತ್ತದೆ. ನಿಜವಾದ ಗ್ಯಾರೇಜುಗಳಲ್ಲಿ ಬಾಗಿಲ ಸಂದಿಯಿಂದ ಒಂದಷ್ಟು ಆಚೆ ಹೋಗುತ್ತದೆ ಅನ್ನಿ. ಆದರೂ ನೀರು ನಿಲ್ಲಲು ಗಾಳಿ ಪೂರ್ತಿ ತುಂಬಬೇಕಾಗಿಲ್ಲ. ಎಲ್ಲಿ ತಣ್ಣಗಿನ ಮೈ ಸಿಗುತ್ತದೋ ಅಲ್ಲಿ ಹನಿ ಕಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೇ. ಕಾರ್ಯಾಗಾರದಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಏನು? ರಾತ್ರಿಯೆಲ್ಲ ಚಳಿ ಕುಡಿದು ಕೂತಿರುವ ಬೀಡು ಕಬ್ಬಿಣ. ಗರಗಸದ ಮೇಜು ನೂರಾರು ಕಿಲೋ ತೂಗುತ್ತದೆ. ಹೀಟರ್ ಹಚ್ಚಿದ ಹತ್ತು ನಿಮಿಷಕ್ಕೆ ಗಾಳಿ ಬೆಚ್ಚಗಾಗುತ್ತದೆ, ಕಬ್ಬಿಣ ಬೆಚ್ಚಗಾಗಲು ಗಂಟೆಗಟ್ಟಲೆ ಬೇಕು. ಆ ನಡುವಿನ ಹೊತ್ತಿನಲ್ಲೇ ಅದರ ಮೈ ಒದ್ದೆಯಾಗುವುದು.

ನಮ್ಮ ಬೀದಿಯಲ್ಲಿ ನಿವೃತ್ತರೊಬ್ಬರು ಇದ್ದಾರೆ, ಕೈಕೆಲಸದಲ್ಲಿ ನಮಗೆಲ್ಲ ಗುರು. ಅವರ ಗರಗಸದ ಮೇಜಿನ ಮೇಲೆ ಪ್ರತಿ ಚಳಿಗಾಲ ಕಿತ್ತಳೆ ಬಣ್ಣದ ಪುಡಿತುಕ್ಕು. ಅವರು ಮೇಣ ಹಚ್ಚುತ್ತಾರೆ, ಎಣ್ಣೆ ಒರೆಸುತ್ತಾರೆ, ಬಟ್ಟೆ ಹೊದಿಸುತ್ತಾರೆ, ಮಿಷಿಗನ್ ಹವೆಯನ್ನು ಬೈಯುತ್ತಾರೆ. ಪಾಪ, ಹವೆಯ ತಪ್ಪೇನೂ ಇಲ್ಲ. ಹೊರಗಿನ ಚಳಿಗಾಳಿ ಒಣಗಿರುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ಘನ ಮೀಟರಿಗೆ ಎರಡು ಗ್ರಾಂ ಚಿಲ್ಲರೆ ನೀರು ಇದ್ದರೆ ಹೆಚ್ಚು. ತುಕ್ಕು ಹಿಡಿಸಿದ್ದು ಗೋಡೆಯ ಮೇಲಿನ ಹೀಟರ್. ಕೆಲಸ ಮುಗಿಸಿ ಹೀಟರ್ ಆರಿಸಿ ಮಲಗಲು ಹೋದ ಮೇಲೆ ಇನ್ನೂ ಒಂದು ಸುತ್ತು ಇದೆ: ಗಾಳಿ ತಣ್ಣಗಾದಷ್ಟೂ ನೀರನ್ನು ಹಿಡಿದಿಡಲಾರದು, ಕಿಟಕಿ ಗಾಜು, ಛಾವಣಿಯ ಮೊಳೆ ತಲೆ, ಡ್ರಿಲ್ ಬಿಟ್ಟು, ಹತ್ತರಿಯ ಅಲಗು, ಎಲ್ಲದರ ಮೇಲೂ ಇಳಿಸುತ್ತದೆ. ಗೋಡೆಯೊಳಗಿನ ಉಷ್ಣತಡೆಯ ಹತ್ತಿಯಂಥ ವಸ್ತು ಒದ್ದೆಯಾದರೆ ಬೂಷ್ಟು ಬೇರೆ.

ಮರಕ್ಕೂ ಇದು ಒಳ್ಳೆಯದಲ್ಲ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ತೇವ ಶೇಕಡಾ 80 ಇರುವ ಜಾಗದಲ್ಲಿ ಬಹಳ ದಿನ ಬಿಟ್ಟರೆ ಮರದ ತೇವ ಶೇಕಡಾ 16ರ ಹತ್ತಿರ ನಿಲ್ಲುತ್ತದೆ, 30 ಇರುವ ಜಾಗದಲ್ಲಿ 6ರ ಹತ್ತಿರ. ಇಲ್ಲಿಯ ಮನೆಗಳ ಒಳಗೆ ಚಳಿಗಾಲದಲ್ಲಿ ತುಟಿ ಒಡೆಯುವಷ್ಟು ಒಣಹವೆ. ಹೀಗಾಗಿ ತೇವದ ಗ್ಯಾರೇಜಿನಲ್ಲಿ ಅಚ್ಚುಕಟ್ಟಾಗಿ ಕೂಡಿಸಿದ ಮೇಜು ಒಣಗಿದ ಮನೆಯೊಳಗೆ ಬಂದು ಕೂತ ಮೇಲೆ ಕುಗ್ಗಲು ಶುರುಮಾಡುತ್ತದೆ. 30 ಸೆಂಟಿಮೀಟರ್ ಅಗಲದ ಓಕ್ ಹಲಗೆಯ ತೇವ 12ರಿಂದ 6ಕ್ಕೆ ಇಳಿದರೆ ಅಗಲದಲ್ಲಿ ಐದಾರು ಮಿಲಿಮೀಟರ್ ಹೋಗುತ್ತದೆ. ಕೀಲು ಬಾಯಿ ಬಿಡಲು ಅಷ್ಟು ಸಾಕು. ಬಡಗಿ ಕೆಲಸ ಬರಲ್ಲ ಅನ್ನಿಸಿಕೊಳ್ಳುವುದು ನಾವು. ಮರಕ್ಕೆ ಹೊಳಪು ಕೊಡುವ ಲ್ಯಾಕರ್ ಹೊಡೆಯುವವರಿಗೆ ಇನ್ನೂ ಬೇಗ ಗೊತ್ತಾಗುತ್ತದೆ, ತೇವದ ಗಾಳಿಯಲ್ಲಿ ಅದು ಬಿಳಿಬಿಳಿಯಾಗಿ ಮಬ್ಬು ಕಟ್ಟುತ್ತದೆ.

ಲ್ಯಾಕರ್ ಅಂದಾಗ ನೆನಪಾಯಿತು, ಥಿನ್ನರ್ ಡಬ್ಬ ತೆರೆದಿರುವ ಕೋಣೆಯಲ್ಲಿ ಬತ್ತಲೆ ಜ್ವಾಲೆ ಇರುವುದೇ ಒಂದು ಹುಚ್ಚು. ಥಿನ್ನರ್, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದುಕೊಂಡು ಜ್ವಾಲೆ ಇರುವ ಕಡೆ ಹೋಗುತ್ತದೆ. ಸೋರಿದ ಪ್ರೋಪೇನ್ ಕೂಡ ಹಾಗೇ. ಇಲ್ಲಿಯ ನಿಯಮದಲ್ಲಿ ಗ್ಯಾರೇಜಿನ ಗ್ಯಾಸ್ ಉಪಕರಣದ ಕಿಡಿ ನೆಲದಿಂದ 18 ಅಂಗುಲವಾದರೂ ಮೇಲಿರಬೇಕು ಎಂದಿರುವುದು ಇದಕ್ಕೇ. ಕಾರಿನ ಕೆಲಸ ಮಾಡುವವರು ಇನ್ನೊಂದು ನೆನಪಿಟ್ಟುಕೊಳ್ಳಬೇಕು. ಬ್ರೇಕ್ ತೊಳೆಯುವ ಕೆಲವು ಸ್ಪ್ರೇಗಳಲ್ಲಿ, ಹಳೆಯ ಬಣ್ಣ ಕೀಳುವ ಕೆಲವು ದ್ರವಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದರ ಆವಿ ಜ್ವಾಲೆಯ ಮೂಲಕ ಹಾದರೆ ಹೈಡ್ರೋಜನ್ ಕ್ಲೋರೈಡ್, ಫಾಸ್ಜೀನ್ ಹುಟ್ಟುತ್ತವೆ. ಫಾಸ್ಜೀನ್ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ.

ಈಗ ಉಸಿರಿನ ವಿಷಯ. ಚೆನ್ನಾಗಿ ಉರಿಯುವ ಹೀಟರ್ ಕಾರ್ಬನ್ ಮಾನಾಕ್ಸೈಡ್ ಅಷ್ಟೇನೂ ಬಿಡುವುದಿಲ್ಲ. ಸಮಸ್ಯೆ ಇರುವುದು "ಚೆನ್ನಾಗಿ ಉರಿಯುವ" ಅನ್ನುವ ಷರತ್ತಿನಲ್ಲಿ. ಕಾರ್ಯಾಗಾರ ಅಂದರೇ ಮರದ ಪುಡಿ. ಅದು ಬರ್ನರ್‌ನ ಗಾಳಿ ತೂತುಗಳಲ್ಲಿ ಕೂರುತ್ತದೆ, ಗಾಳಿ ಕಡಿಮೆಯಾಗುತ್ತದೆ, ನೀಲಿ ಜ್ವಾಲೆ ಹಳದಿ ತಿರುಗುತ್ತದೆ, ಅರೆಬೆಂದ ಗ್ಯಾಸಿನಿಂದ ಮಾನಾಕ್ಸೈಡ್ ಏರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ. ತಲೆನೋವು, ಓಕರಿಕೆ, ಸುಸ್ತು, ಇದೆಲ್ಲ ಚಳಿಗಾಲದ ಜ್ವರದ ಹಾಗೇ ಇರುವುದರಿಂದ ಜನ ಮಾತ್ರೆ ನುಂಗಿ ಮತ್ತೆ ಅದೇ ಕೋಣೆಗೆ ಹೋಗುತ್ತಾರೆ. ಊರಲ್ಲಿ ಕೂತು ಇದನ್ನು ಓದುತ್ತಿರುವವರೇ, ಕಿಟಕಿ ಮುಚ್ಚಿದ ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರ್ ಮಾಡುವುದೂ ಇದನ್ನೇ, ಅಲ್ಲಿ ಕೋಣೆ ಇನ್ನೂ ಚಿಕ್ಕದು. ಗೀಸರನ್ನು ಹೊರಗೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ.

"ನನ್ನ ಹೀಟರಿನಲ್ಲಿ ಸೆನ್ಸರ್ ಇದೆಯಲ್ಲ" ಎನ್ನುವವರು ಬಹಳ. ಇದೆ. ಆದರೆ ಅದು ಅಳೆಯುವುದು ಆಮ್ಲಜನಕದ ಕೊರತೆಯನ್ನು, ಮಾನಾಕ್ಸೈಡನ್ನಲ್ಲ. ಗಾಳಿಯಲ್ಲಿ ಮಾಮೂಲಿಯಾಗಿ ಶೇಕಡಾ 20.9 ಇರುವ ಆಮ್ಲಜನಕ 18ರ ಸುಮಾರಿಗೆ ಬಂದಾಗ ಗ್ಯಾಸ್ ನಿಲ್ಲಿಸುತ್ತದೆ. ಸುಮ್ನೆ ಒಂದು ಲೆಕ್ಕ ಹಾಕಿ. ಐದು ಪಾಲು ಆಮ್ಲಜನಕ ಹೋದರೆ ಮೂರು ಪಾಲು ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸೆನ್ಸರ್ ಎಚ್ಚರವಾಗುವ ಹೊತ್ತಿಗೆ ಡೈಆಕ್ಸೈಡ್ ಶೇಕಡಾ 1.7 ಮುಟ್ಟಿರುತ್ತದೆ, ಅಂದರೆ 17,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). ಅಮೆರಿಕದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಕಾನೂನು ಒಪ್ಪುವ ಮಿತಿ 5,000. ಆ ಮಂಪರಿನಲ್ಲಿ ತಿರುಗುವ ಗರಗಸದ ಮುಂದೆ ಕೈ ಇಟ್ಟುಕೊಂಡು ನಿಲ್ಲುವುದು ನನಗಂತೂ ಬೇಡ.

ಗೋಡೆಗೆ ಹಾಕುವ ಮಾನಾಕ್ಸೈಡ್ ಅಲಾರಂ ಕಥೆಯೂ ಸ್ವಲ್ಪ ಹಾಗೇ. ಅಲಾರಂ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಮಾರುವ ಸಾಮಾನ್ಯ ಅಲಾರಂ ಜೀವ ಹೋಗುವ ಮಟ್ಟದಿಂದ ಕಾಪಾಡಲು ಮಾಡಿದ್ದು. 70 ಪಿಪಿಎಂ ಮಾನಾಕ್ಸೈಡ್ ಇದ್ದರೆ ಕೂಗಲು ಅದಕ್ಕೆ ಒಂದರಿಂದ ನಾಲ್ಕು ಗಂಟೆ ಸಮಯವಿದೆ, 30ರಲ್ಲಿ ಒಂದು ತಿಂಗಳಾದರೂ ಸುಮ್ಮನಿರಬೇಕು ಎಂದೇ ಮಾನದಂಡ ಹೇಳುತ್ತದೆ. ಅಲಾರಂ ಕೂಗಲಿಲ್ಲ ಎಂದಮಾತ್ರಕ್ಕೆ ಗಾಳಿ ಚೆನ್ನಾಗಿದೆ ಎಂದಲ್ಲ. ಸಣ್ಣ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮೀಟರ್ ಬೇರೆ ಸಿಗುತ್ತದೆ, ಅದು ಒಳ್ಳೆಯದು. ನೈಟ್ರೋಜನ್ ಡೈಆಕ್ಸೈಡ್ ಎಂಬ ಇನ್ನೊಂದು ಕೆಟ್ಟ ಗಾಳಿ ಇವೆರಡರಲ್ಲೂ ಕಾಣುವುದಿಲ್ಲ, ಅದು ಚೆನ್ನಾಗಿ ಉರಿಯುವ ನೀಲಿ ಜ್ವಾಲೆಯಿಂದಲೂ ಬರುತ್ತದೆ, ಆಸ್ತಮಾ ಇರುವವರಿಗೆ ಬೇಗ ತಾಗುತ್ತದೆ.

ಕಿಟಕಿ ತೆಗೆದಿಡಿ ಎಂದು ಹೀಟರ್ ಜೊತೆ ಬರುವ ಪುಸ್ತಿಕೆಯೇ ಹೇಳುತ್ತದೆ. ಸರಿ, ತೆಗೆದಿಟ್ಟರೆ ತೇವವೂ ಹೋಗುತ್ತದೆ, ಕೆಟ್ಟ ಗಾಳಿಯೂ ಹೋಗುತ್ತದೆ, ಶಾಖವೂ ಹೋಗುತ್ತದೆ. ಶೇಕಡಾ 99 ಎಲ್ಲಿಗೆ ಬಂತು? ಗೊತ್ತಿದ್ದೂ ಚಳಿಗೆ ಕಿಟಕಿ ಮುಚ್ಚದವರು ಯಾರೂ ಇಲ್ಲ, ಎಲ್ಲರೂ ಮುಚ್ಚುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಬಳಸುವ ಇಂಥ ಹೀಟರನ್ನು ಮಾರುವಂತೆಯೇ ಇಲ್ಲ. ಬೇರೆ ಬಹಳ ರಾಜ್ಯಗಳಲ್ಲಿ ಷರತ್ತುಗಳೊಂದಿಗೆ ಬಿಟ್ಟಿದ್ದಾರೆ: ಒಂದು ಹೀಟರ್ 40,000 ಬಿಟಿಯು ಮೀರಬಾರದು, ಮನೆಗೆ ಶಾಖ ಕೊಡುವುದು ಅದೊಂದೇ ಆಗಿರಬಾರದು, ಹೀಗೆ.

ಹಾಗಂತ ಇದನ್ನು ಯಾವತ್ತೂ ಮುಟ್ಟಬಾರದು ಅನ್ನಲ್ಲ. ದೊಡ್ಡ ಬಾಗಿಲು ಅರ್ಧ ಎತ್ತಿ ಕಾರಿನ ಚಕ್ರ ಬದಲಿಸುವಾಗ ಕೆಂಪು ಹಲಗೆಯ ಹೀಟರನ್ನು ಬೆನ್ನಿಗೆ ಇಟ್ಟುಕೊಂಡರೆ ಹಾಯಾಗಿರುತ್ತದೆ, ನಾನೂ ಇಟ್ಟುಕೊಳ್ಳುತ್ತೇನೆ. ದಿನಾ ಸಂಜೆ ಬಾಗಿಲು ಮುಚ್ಚಿ ಕೆಲಸ ಮಾಡುವ ಜಾಗಕ್ಕೆ ಮಾತ್ರ ಬೇಡ.

ಬದಲಿಗೆ ಏನು? ಗ್ಯಾಸೇ ಬೇಕಿದ್ದರೆ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ, ಎರಡು ಕೊಳವೆಯ ಮುಚ್ಚಿದ ಹೀಟರ್ ಸಿಗುತ್ತದೆ. ಜ್ವಾಲೆಗೂ ಕೋಣೆಯ ಗಾಳಿಗೂ ಸಂಬಂಧವೇ ಇರುವುದಿಲ್ಲ, ಮರದ ಪುಡಿಯೂ ಒಳಗೆ ಹೋಗುವುದಿಲ್ಲ. ವಿದ್ಯುತ್ ಹೀಟರ್ ಅಂದರೆ ಗೋಡೆಯ ಮಾಮೂಲಿ ಪ್ಲಗ್ಗಿಗೆ ಹಾಕುವ 1,500 ವ್ಯಾಟಿನದ್ದು ಗ್ಯಾರೇಜಿಗೆ ಏನೂ ಸಾಲದು, ಅದು ಕೊಡುವುದು 5,000 ಬಿಟಿಯು ಚಿಲ್ಲರೆ. 240 ವೋಲ್ಟಿನ 5,000 ವ್ಯಾಟ್ ಹೀಟರ್ 17,000 ಕೊಡುತ್ತದೆ, ಉಷ್ಣತಡೆ ಹಾಕಿಸಿದ ಗ್ಯಾರೇಜಿಗೆ ಬೇಕಾದಷ್ಟಾಯಿತು. ನಾನು ಹಾಕಿಸಿದ್ದು ಗೋಡೆಯ ಮೇಲಿನ ಹೀಟ್ ಪಂಪ್, ನಮ್ಮ ಸ್ಪ್ಲಿಟ್ ಎಸಿಯನ್ನೇ ತಿರುವುಮುರುವು ಓಡಿಸಿದ ಹಾಗೆ. ಒಂದು ಹನಿ ನೀರನ್ನೂ ಗಾಳಿಗೆ ಸೇರಿಸದು, ಬೇಸಿಗೆಯಲ್ಲಿ ತಂಪನ್ನೂ ಕೊಡುತ್ತದೆ. ಅದರ ರಗಳೆ ಒಂದೇ, ಫಿಲ್ಟರಿಗೆ ಮರದ ಪುಡಿ ಮೆತ್ತಿಕೊಳ್ಳುತ್ತದೆ, ಆಗಾಗ ತೆಗೆದು ತೊಳೆಯಬೇಕು.

ಯಾವುದೇ ಹೀಟರ್ ಕೊಳ್ಳುವ ಮೊದಲು ದೊಡ್ಡ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ ನೋಡಿ. ನಮ್ಮಲ್ಲಿ ಅದು ಹರಿದು, ಕೆಳಗಿನಿಂದ ಹಿಮದ ಪುಡಿಯೇ ಒಳಗೆ ಬರುತ್ತಿತ್ತು. ಅದನ್ನು ಬದಲಿಸಿ, ಛಾವಣಿಗೆ ಉಷ್ಣತಡೆ ಹಾಸಿದ ಮೇಲೆ ಹೀಟರ್ ಯಾವ ಅಳತೆಯದು ಬೇಕು ಅನ್ನುವ ಲೆಕ್ಕವೇ ಅರ್ಧಕ್ಕೆ ಇಳಿಯಿತು.