ಲೇಹ್‌ಗೆ ಐಸ್ ಹಾಕಿ ನೋಡಲು ಹೋಗುವವರಿಗೆ: ರೂಮು, ಬಸ್ಸು, ಥುಕ್ಪಾ ಮತ್ತು ರಾತ್ರಿ ನೀರು ಹಾಯಿಸುವ ಹುಡುಗರು

ಜನವರಿಯಲ್ಲಿ ಲೇಹ್‌ಗೆ ಹೋಗುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ, ಚಾದರ್ ಟ್ರೆಕ್ಕಾ ಅಂತ, ಅಂದರೆ ಹೆಪ್ಪುಗಟ್ಟಿದ ನದಿಯ ಮೇಲೆ ನಡೆಯುವ ಚಾರಣ. ನಾನು ಹೋಗಿದ್ದು ಐಸ್ ಹಾಕಿ ನೋಡಲು, ಅಂದರೆ ಸ್ಕೇಟ್ಸ್ (ಅಡಿಗೆ ಬ್ಲೇಡು ಇರುವ ಬೂಟು) ಹಾಕಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಆಟ. ಲಡಾಖ್‌ನಲ್ಲಿ ಚಳಿಗಾಲ ಬಂದರೆ ಊರೂರಿನ ತಂಡಗಳು ಸೇರಿ ಪಂದ್ಯಾವಳಿ ಆಡುತ್ತವೆ. ಹಳ್ಳಿಗಳ ಮಟ್ಟದಲ್ಲಿ ಅದನ್ನು ನಡೆಸುವವರು ಊರಿನವರೇ. ಮೈದಾನ ಮಾಡುವವರು, ಶಿಳ್ಳೆ ಊದುವವರು, ಚಹಾ ಕಾಯಿಸುವವರು, ಯಾರಿಗೂ ಸಂಬಳ ಇಲ್ಲ. ಇದನ್ನು ನೋಡಲೆಂದೇ ಹೋಗುವವರು ನಮ್ಮ ಕಡೆ ಕಡಿಮೆ. ಮುಂದಿನ ವರ್ಷ ಹೋಗುವ ಯೋಚನೆ ಇದ್ದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಅದರಲ್ಲೂ ರೂಮಿನ ವಿಷಯದಲ್ಲಿ ನನಗಾದ ಮೋಸ ಇನ್ನೊಬ್ಬರಿಗೆ ಆಗಬಾರದು.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದಲೇ ಒಂದು ಹೋಟೆಲ್ ಬುಕ್ ಮಾಡಿದ್ದೆ. ರಾತ್ರಿಗೆ 4,500 ರೂಪಾಯಿ. "ಹೀಟಿಂಗ್ ಇರುವ ರೂಮು, 24 ಗಂಟೆ ಬಿಸಿನೀರು" ಎಂದು ಬರೆದಿದ್ದರು, ಫೋನಿನಲ್ಲೂ ಅದನ್ನೇ ಹೇಳಿದರು. ಹೋಗಿ ನೋಡಿದರೆ ರೂಮಿನ ಮೂಲೆಯಲ್ಲಿ ಒಂದು ಪುಟ್ಟ ಕರೆಂಟ್ ಹೀಟರ್. ಅದನ್ನು ಹಾಕಿದರೆ ರಾತ್ರಿಗೆ ಇನ್ನೊಂದು ಸಾವಿರ ಕೊಡಬೇಕಂತೆ. ಕೊಟ್ಟೆವು. ಮಧ್ಯರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ, ಪೈಪಿನಲ್ಲೇ ಹೆಪ್ಪುಗಟ್ಟಿತ್ತು. ಪೈಪು ಹೆಪ್ಪುಗಟ್ಟುವುದು ಅವರ ತಪ್ಪಲ್ಲ, ರಾತ್ರಿ ಮೈನಸ್ 15, ಕೆಲವೊಮ್ಮೆ ಮೈನಸ್ 20 ಡಿಗ್ರಿಗೆ ಇಳಿಯುವ ಊರದು. ಆದರೆ ಗೊತ್ತಿದ್ದೂ 24 ಗಂಟೆ ಬಿಸಿನೀರು ಎಂದು ಬರೆಯುವುದು ತಪ್ಪು. ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ.

ಮಾರನೇ ದಿನವೇ ಒಂದು ಮನೆಗೆ ಹೋದೆವು. ಹೋಮ್‌ಸ್ಟೇ ಎಂದು ಬೋರ್ಡು ಕೂಡ ಇಲ್ಲ. ಒಬ್ಬರಿಗೆ 1,500 ರೂಪಾಯಿ, ಎರಡು ಹೊತ್ತಿನ ಊಟ ಸೇರಿ. ಅಲ್ಲೂ ನಲ್ಲಿಯಲ್ಲಿ ನೀರು ಬರುವುದಿಲ್ಲ. ಆದರೆ ಅವರು ಅದನ್ನು ಮೊದಲೇ ಹೇಳಿದರು. ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು ಬಾಗಿಲಿಗೆ ತಂದಿಡುತ್ತಿದ್ದರು. ನಡುಮನೆಯಲ್ಲಿ ಬುಖಾರಿ, ಅಂದರೆ ಕಬ್ಬಿಣದ ಒಲೆ. ಮನೆಯವರೆಲ್ಲ ಅದರ ಸುತ್ತಲೇ ಕೂರುತ್ತಾರೆ, ನಾವೂ ಅಲ್ಲೇ. ಶೌಚಾಲಯ ಅಲ್ಲಿನ ಹಳೆಯ ಪದ್ಧತಿಯದು, ನೀರಿಲ್ಲದ್ದು, ಮಣ್ಣು ಎಳೆದು ಮುಚ್ಚಬೇಕು. ಇದು ಆಗುವುದಿಲ್ಲ ಎನ್ನುವವರು ಜನವರಿಯಲ್ಲಿ ಹೋಗಲೇಬೇಡಿ. ನನಗೆ ಏನೂ ತೊಂದರೆ ಅನಿಸಲಿಲ್ಲ. ನಲ್ಲಿ ಬಂದ್ ಆದ ಹೋಟೆಲ್‌ನ ಫ್ಲಶ್ ಕಕ್ಕಸಿಗಿಂತ ಅದೇ ಎಷ್ಟೋ ಚೊಕ್ಕ.

ಬುಕ್ ಮಾಡುವಾಗ "ಹೀಟಿಂಗ್ ಇದೆಯಾ" ಎಂದು ಕೇಳಬೇಡಿ, ಎಲ್ಲರೂ ಇದೆ ಎನ್ನುತ್ತಾರೆ. "ಬುಖಾರಿ ಎಷ್ಟು ಗಂಟೆ ಉರಿಯುತ್ತದೆ, ಅದಕ್ಕೆ ಬೇರೆ ದುಡ್ಡಾ" ಎಂದು ಕೇಳಿ. ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಚಳಿಗಾಲದಲ್ಲಿ ಅರ್ಧಕ್ಕರ್ಧ ಹೋಟೆಲ್ ಬಾಗಿಲು ಹಾಕಿರುತ್ತವೆ, ತೆರೆದಿರುವ ಕಡೆಗೆ ಚಾದರ್‌ಗೆ ಬಂದವರು ತುಂಬಿರುತ್ತಾರೆ. ಅದಕ್ಕೇ ಈ ರೇಟು.

ರಸ್ತೆಯ ಆಸೆ ಬಿಡಿ. ಮನಾಲಿ ದಾರಿ ಮುಚ್ಚಿರುತ್ತದೆ, ಶ್ರೀನಗರ ಕಡೆಯಿಂದ ಬರುವ ದಾರಿಯ ಜೋಜಿ ಲಾ ಘಾಟಿ ನಂಬುವ ಹಾಗಿಲ್ಲ. ವಿಮಾನವೇ ಗತಿ. ಅದೂ ದಿಲ್ಲಿಯ ಮಂಜಿಗೆ ಸಿಕ್ಕಿ ತಡವಾಗುತ್ತದೆ, ಕೆಲವು ದಿನ ರದ್ದೇ ಆಗುತ್ತದೆ. ಬರುವ ದಿನಕ್ಕೂ ಆಫೀಸಿಗೆ ಹೋಗುವ ದಿನಕ್ಕೂ ನಡುವೆ ಜಾಗ ಇಟ್ಟುಕೊಳ್ಳಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಇಳಿದ ಮೇಲೆ ಎರಡು ದಿನ ಸುಮ್ನೆ ಮಲಗಿ, ನೀರು ಕುಡಿಯಿರಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಈಗ ಆಟಕ್ಕೆ ಬರುತ್ತೇನೆ. ಲೇಹ್‌ನಲ್ಲಿ ದೊಡ್ಡ ಪಂದ್ಯಗಳು ಎನ್‌ಡಿಎಸ್ ಸ್ಟೇಡಿಯಂನಲ್ಲಿ ನಡೆಯುತ್ತವೆ. 2025ರ ಜನವರಿ 23ರಿಂದ 27ರವರೆಗೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಲೇಹ್ ಹಂತ ನಡೆದಾಗಲೂ ಐಸ್ ಹಾಕಿ, ಐಸ್ ಸ್ಕೇಟಿಂಗ್ ಎರಡೂ ಇದ್ದವು. ಚಳಿಗಾಲದ ಕ್ರೀಡೆಗೂ ನಮಗೂ ಏನು ಸಂಬಂಧ ಎನ್ನಬೇಡಿ. ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀಯಿಂಗ್ ಮಾಡಿ ಚಿನ್ನ ಗೆದ್ದವರು. ಆದರೆ ದೊಡ್ಡ ಸ್ಟೇಡಿಯಂ, ವಿಐಪಿ ಕುರ್ಚಿ, ಮೈಕು, ನೂಕುನುಗ್ಗಲು ನನಗೆ ಆಗಿಬರುವುದಿಲ್ಲ. ಅಲ್ಲಿ ಒಂದು ಪಂದ್ಯ ನೋಡಿ ಎದ್ದು ಬಂದೆ. ಜನಜಂಗುಳಿ ಇಷ್ಟಪಡುವವರು ಫೈನಲ್‌ಗೆ ಅಲ್ಲಿಗೇ ಹೋಗಿ, ಸದ್ದು ಜೋರಾಗಿರುತ್ತದೆ. ನನ್ನ ಮಾತು ಕೇಳುವುದಾದರೆ ಊರ ಮೇಲ್ಭಾಗದ ಕರ್ಜೂ ಕೊಳಕ್ಕೆ ಹೋಗಿ, ಇಲ್ಲವೇ ಹಳ್ಳಿಗೆ ಹೋಗಿ.

ಕರ್ಜೂ ನಿಜಕ್ಕೂ ಕೊಳವೇ. ಚಳಿಗಾಲ ಬಂದರೆ ಅದೇ ಆಟದ ಮೈದಾನ. ಮಂಜುಗಡ್ಡೆ ತಾನಾಗಿ ಹಿಡಿಯುತ್ತದೆ, ಇದರಲ್ಲಿ ಕೆಲಸ ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ರಾತ್ರಿ ಊಟ ಆದ ಮೇಲೆ ಮನೆಯ ಹುಡುಗ ಹೊರಟ. ಎಲ್ಲಿಗೆ ಎಂದು ಕೇಳಿದರೆ "ನೀರು ಹಾಕಲು" ಎಂದ. ಜೊತೆಗೆ ಹೋದೆ. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ತುಂಬಿದ್ದು ಆ ರಾತ್ರಿಯೇ.

ಹಗಲು ಆಡಿದ ಮೇಲೆ ಮಂಜುಗಡ್ಡೆಯ ಮೇಲೆಲ್ಲ ಸ್ಕೇಟ್ಸ್‌ನ ಗೀರು, ಪುಡಿ ಹಿಮ. ಮೊದಲು ಐದಾರು ಜನ ಸಾಲಾಗಿ ನಿಂತು ಗುಡಿಸುತ್ತಾರೆ. ಅಗಲವಾದ ಹಲಗೆಗೆ ಕೋಲು ಸಿಕ್ಕಿಸಿ ತಳ್ಳುತ್ತಾ ಒಂದು ಕಡೆಗೆ ರಾಶಿ ಹಾಕುತ್ತಾರೆ. ಆಮೇಲೆ ನೀರು. ಒಂದೇ ಸಲ ಸುರಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ, ಬೆಳಿಗ್ಗೆ ಸ್ಕೇಟ್ಸ್ ತಗುಲಿದರೆ ಒಡೆಯುತ್ತದೆ. ಅದಕ್ಕೇ ದೋಸೆ ಹಿಟ್ಟು ಹರಡಿದ ಹಾಗೆ ತೆಳ್ಳಗೆ ಹಾಯಿಸಬೇಕು. ಒಂದು ಪದರ ಗಟ್ಟಿಯಾಗುವವರೆಗೆ ಕಾದು ಇನ್ನೊಂದು. ಒಂದು ಜಾರುಬಂಡಿಯ ಮೇಲೆ ನೀರಿನ ಡ್ರಮ್ಮು. ಅದಕ್ಕೆ ತೂತು ಕೊರೆದ ಪೈಪು. ಹಿಂದೆ ಒದ್ದೆ ಗೋಣಿ ಎಳೆದುಕೊಂಡು ಬರುತ್ತದೆ. ಮುಂದೆ ಇಬ್ಬರು ಎಳೆಯುತ್ತಾರೆ, ಹಿಂದೆ ಒಬ್ಬ ಗೋಣಿ ಸರಿಮಾಡುತ್ತಾ ನಡೆಯುತ್ತಾನೆ. ನೀರು ಉಗುರುಬೆಚ್ಚಗೆ ಇರಬೇಕು. ಹಾಗೆ ಬೆಚ್ಚಗಿದ್ದರೆ ಮೇಲಿನ ಪದರ ಸ್ವಲ್ಪ ಕರಗಿ ಗೀರುಗಳಲ್ಲಿ ಇಳಿಯುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ.

ಹಿಂದೆ ಗೋಣಿ ಹಿಡಿದವನ ಉಣ್ಣೆಯ ಕೈಗವಸು ನೀರು ಕುಡಿದು ಹೆಪ್ಪುಗಟ್ಟಿ ಮರದ ತುಂಡಿನ ಥರ ಸದ್ದು ಮಾಡುತ್ತಿತ್ತು. ಆಗಾಗ ಬಂದು ಬೆಂಕಿಯ ಹತ್ತಿರ ಹಿಡಿದು ಮತ್ತೆ ಹೋಗುತ್ತಿದ್ದ. ಹಗಲಿನಲ್ಲಿ ಅವನು ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಏಳಕ್ಕೆ ಪಂದ್ಯದಲ್ಲಿ ಗೋಲ್‌ಕೀಪರ್. ಡ್ರಮ್ಮು ಎಳೆಯುತ್ತಿದ್ದವರಲ್ಲಿ ಒಬ್ಬರು ಟ್ಯಾಕ್ಸಿ ಓಡಿಸುವವರು. ವಯಸ್ಸಿನಲ್ಲಿ ದೊಡ್ಡವರು, ಹುಡುಗರೆಲ್ಲ "ಆಚೋ ಲೇ" ಎಂದು ಕರೆಯುತ್ತಿದ್ದರು, ಅಂದರೆ ನಮ್ಮ ಅಣ್ಣಾವ್ರು. ಅವರು ಚಿಕ್ಕವರಿದ್ದಾಗ ಸೈನ್ಯದವರು ಆಡುವುದನ್ನು ನೋಡಿ ಊರ ಹುಡುಗರೂ ಶುರು ಮಾಡಿದರಂತೆ. ಹಳೆಯ ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಬಡಿದು ಸ್ಕೇಟ್ಸ್ ಮಾಡಿಕೊಳ್ಳುತ್ತಿದ್ದರು, ಗೋಲ್‌ಕೀಪರ್‌ಗೆ ಕ್ರಿಕೆಟ್ ಪ್ಯಾಡ್ ಕಟ್ಟುತ್ತಿದ್ದರು. ಈಗ ಎನ್‌ಡಿಎಸ್‌ನಲ್ಲಿ ಯಂತ್ರದಿಂದ ಮಂಜುಗಡ್ಡೆ ಹಿಡಿಸುವ ವ್ಯವಸ್ಥೆ ಬಂದಿದೆ. ಹಳ್ಳಿಗಳಲ್ಲಿ ಮಾತ್ರ ಈಗಲೂ ಡ್ರಮ್ಮು, ಗೋಣಿ, ರಾತ್ರಿ ನಿದ್ದೆಗೆಡುವ ಜನ. ಚಳಿಗಾಲ ಚಿಕ್ಕದಾಗುತ್ತಿದೆ, ಮಂಜುಗಡ್ಡೆ ತಡವಾಗಿ ಹಿಡಿದು ಬೇಗ ಬಿಡುತ್ತಿದೆ ಎಂದು ಅವರು ಹೇಳಿದಾಗ ಆ ದನಿಯಲ್ಲಿದ್ದ ಆತಂಕ ನನಗೂ ತಟ್ಟಿತು. ಇಷ್ಟು ಕಷ್ಟಪಟ್ಟು ಹಿಡಿಸಿದ್ದು ಒಂದು ಬಿಸಿಲಿಗೆ ಹೋಗಬಹುದು, ಅಲ್ವಾ?

ಇದರಿಂದ ನಿಮಗೆ ಆಗುವ ಪ್ರಯೋಜನ ಏನೆಂದರೆ, ವೇಳಾಪಟ್ಟಿ ಹಿಡಿದುಕೊಂಡು ಹೋಗಬೇಡಿ. ಬೋರ್ಡಿನಲ್ಲಿ ಹನ್ನೊಂದು ಗಂಟೆ ಎಂದಿದ್ದರೂ ಬಿಸಿಲು ಜೋರಾದರೆ ಪಂದ್ಯ ಸಂಜೆಗೆ ಹೋಗುತ್ತದೆ. ಬೆಳಗಿನ ಏಳರಿಂದ ಹತ್ತು, ಮತ್ತೆ ಬಿಸಿಲು ಬೆಟ್ಟದ ಹಿಂದೆ ಸರಿದ ಮೇಲೆ, ಇವೇ ಒಳ್ಳೆಯ ಸಮಯ. ಹಿಂದಿನ ರಾತ್ರಿ ನೀರು ಹಾಯಿಸುವವರನ್ನು ಕೇಳಿದರೆ ನಾಳೆ ಆಟ ಇದೆಯೋ ಇಲ್ಲವೋ ಸರಿಯಾಗಿ ಹೇಳುತ್ತಾರೆ. ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಉಪ್ಶಿ ಕಡೆಯ ಒಂದು ಹಳ್ಳಿಗೆ ಹೋದ ಬಸ್ಸಿನ ಕಥೆ ಹೇಳಲೇಬೇಕು. ಲೇಹ್ ಬಸ್ ನಿಲ್ದಾಣದಲ್ಲಿ ಮಿನಿ ಬಸ್ಸು. ಎಂಟಕ್ಕೆ ಹೊರಡುತ್ತದೆ ಎಂದಿದ್ದರು. ಎಂಟಕ್ಕೆ ಡ್ರೈವರು ಬಸ್ಸಿನ ಅಡಿಯಲ್ಲಿ ಮಲಗಿದ್ದ, ಡೀಸೆಲ್ ಗಟ್ಟಿಯಾಗಿದೆ ಎಂದು ಟ್ಯಾಂಕಿನ ಕೆಳಗೆ ಬೆಂಕಿ ಇಟ್ಟು ಕಾಯಿಸುತ್ತಿದ್ದ. ಹೊರಟಾಗ ಒಂಬತ್ತೂವರೆ ದಾಟಿತ್ತು. ಒಳಗೆ ಹೀಟರ್ ಇಲ್ಲ. ನಮ್ಮ ಉಸಿರೇ ಕಿಟಕಿಯ ಒಳಗಡೆ ಮಂಜಾಗಿ ಕಟ್ಟಿಕೊಂಡು ಹೊರಗೆ ಏನೂ ಕಾಣದು. ಕಿಟಕಿಯ ಒಂದು ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದಿಗೆ ಯಾರೋ ಬಟ್ಟೆ ತುರುಕಿದ್ದರು. ಕಾಲ ಬಳಿ ಗ್ಯಾಸ್ ಸಿಲಿಂಡರು, ಹಿಟ್ಟಿನ ಮೂಟೆ. ಪಾದಗಳಿಗೆ ಸ್ಪರ್ಶವೇ ಇರಲಿಲ್ಲ. ಇಷ್ಟಾದರೂ ಟಿಕೆಟ್ ಕೊಡುವವನು ನಮ್ಮಿಂದ ಪಕ್ಕದವರಿಗಿಂತ ಜಾಸ್ತಿ ತೆಗೆದುಕೊಂಡ. ಪಕ್ಕದ ಅಮ್ಮ ಜಗಳ ಮಾಡಿ ಚಿಲ್ಲರೆ ವಾಪಸ್ ಕೊಡಿಸಿದರು. ವಾಪಸ್ ಬರುವ ಬಸ್ಸು ಮಾರನೇ ಬೆಳಿಗ್ಗೆ ಮಾತ್ರ ಎಂದು ಗೊತ್ತಾಗಿದ್ದು ಇಳಿದ ಮೇಲೆ.

ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಈ ಬಸ್ಸು ಬೇಡ. ಟ್ಯಾಕ್ಸಿ ಯೂನಿಯನ್ ಒಂದೊಂದು ಊರಿಗೂ ರೇಟು ನಿಗದಿ ಮಾಡಿದೆ, ಪಟ್ಟಿ ಕೇಳಿ ನೋಡಿ. ನಾಲ್ಕು ಜನ ಸೇರಿದರೆ ಭಾರ ಆಗುವುದಿಲ್ಲ. ಒಬ್ಬರೇ ಇದ್ದು, ಗಟ್ಟಿ ಮೈ ಇದ್ದರೆ ಬಸ್ಸಿಗೇ ಹೋಗಿ. ಆ ಅಮ್ಮನೇ ನಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ರಾತ್ರಿ ಉಳಿಸಿಕೊಂಡರು.

ಆ ಹಳ್ಳಿಯ ಮೈದಾನ ಗದ್ದೆಯ ಪಕ್ಕದ ತಗ್ಗು. ಸುತ್ತ ಮಣ್ಣಿನ ಬದು. ಆಟದಲ್ಲಿ ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಜನ. ಪಕ್ ಎಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಬದುವಿನ ಮೇಲೆ ನಿಂತವರಿಗೆ ಬಲೆ, ಗಾಜು ಏನೂ ಇರುವುದಿಲ್ಲ. ಹಾಗಾಗಿ ಗೋಲ್‌ನ ಹಿಂದೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ನಾನು ಮಂಜುಗಡ್ಡೆಯ ಅಂಚಿನಲ್ಲಿ ನಿಂತು ಕಾಲು ಕುಟ್ಟುತ್ತಿದ್ದುದನ್ನು ನೋಡಿ ಚಹಾ ಹಂಚುತ್ತಿದ್ದ ಹೆಂಗಸೊಬ್ಬರು ಏನೂ ಹೇಳದೆ ಒಂದು ಮಡಚಿದ ಗೋಣಿಚೀಲ ತಂದು ಕಾಲಡಿ ಹಾಕಿದರು. ಎಷ್ಟು ವ್ಯತ್ಯಾಸ! ಚಳಿ ಕೆಳಗಿನಿಂದಲೇ ಏರುವುದು. ನೀವು ಒಂದು ದಪ್ಪ ರಟ್ಟಿನ ತುಂಡನ್ನಾದರೂ ಇಟ್ಟುಕೊಂಡು ಹೋಗಿ. ಕಾಲುಚೀಲ ಉಣ್ಣೆಯದೇ ಇರಲಿ, ಹತ್ತಿಯದು ಬೇಡ. ಫೋನು ಒಳಜೇಬಿನಲ್ಲಿರಲಿ, ಇಲ್ಲದಿದ್ದರೆ ಚಾರ್ಜು ಇದ್ದೂ ಆಫ್ ಆಗುತ್ತದೆ.

ಅಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೇ ಜನ ಜಾಸ್ತಿ. ತಪ್ಪಿಸಿಕೊಳ್ಳಬೇಡಿ. 2011ರ ಜನಗಣತಿಯಲ್ಲಿ ಲಡಾಖ್‌ನ ಒಟ್ಟು ಜನಸಂಖ್ಯೆ ಮೂರು ಲಕ್ಷವೂ ಇರಲಿಲ್ಲ. ಆದರೂ ಭಾರತದ ಮಹಿಳಾ ಐಸ್ ಹಾಕಿ ತಂಡದಲ್ಲಿ ಹೆಚ್ಚಿನವರು ಇಲ್ಲಿಯವರೇ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದರು. 2025ರ ಏಷ್ಯಾ ಕಪ್‌ನಲ್ಲಿ ಕಂಚು ತಂದರು. ಹಳ್ಳಿಯ ಮೈದಾನದಲ್ಲಿ ಪುಟ್ಟ ಹುಡುಗಿಯರಿಗೆ ಸ್ಕೇಟ್ಸ್‌ನ ಲೇಸು ಬಿಗಿಯುತ್ತಾ ಕೂತಿದ್ದವರು ಅಕ್ಕಂದಿರೇ. ಒಂದು ಜೊತೆ ಸ್ಕೇಟ್ಸ್ ಮೂವರು ಹಾಕಿಕೊಳ್ಳುತ್ತಿದ್ದರು. ಒಬ್ಬಳು ಆಟ ಮುಗಿಸಿ ಬಂದು ಬಿಚ್ಚಿ ಕೊಡಬೇಕು, ಇನ್ನೊಬ್ಬಳು ಕಾಲುಚೀಲ ಏರಿಸಿಕೊಂಡು ಕಾಯಬೇಕು. ಯಾರೂ ಕಿತ್ತಾಡಲಿಲ್ಲ.

ಊಟದ ವಿಷಯ. ಲೇಹ್‌ನ ಮುಖ್ಯ ಬಜಾರಿನಲ್ಲಿ ಪ್ರವಾಸಿಗರ ಹೋಟೆಲ್‌ಗಳು ಬಹಳಷ್ಟು ಮುಚ್ಚಿರುತ್ತವೆ, ತೆರೆದವು ದುಬಾರಿ. ಮೋತಿ ಮಾರ್ಕೆಟ್ ಕಡೆ ನಡೆಯಿರಿ. ಅಲ್ಲೊಂದು ಓಣಿಯಲ್ಲಿ ನಾಲ್ಕೇ ಮೇಜಿನ ಅಂಗಡಿ, ಬಾಗಿಲಿಗೆ ದಪ್ಪ ಕಂಬಳಿಯ ಪರದೆ. ನಡೆಸುವವರು ತಾಯಿ, ಮಗಳು. ನೂರು ರೂಪಾಯಿಗೆ ಒಂದು ದೊಡ್ಡ ಬಟ್ಟಲು ತರಕಾರಿ ಥುಕ್ಪಾ. ನೂಡಲ್ಸು ಕೈಯಲ್ಲೇ ಎಳೆದು ಕತ್ತರಿಸಿದ್ದು, ಮೂಲಂಗಿ, ಕ್ಯಾರೆಟ್, ಒಣಗಿಸಿದ ಸೊಪ್ಪು. ಸಾರು ಮುಗಿದರೆ ಕೇಳದೆಯೇ ಮತ್ತೆ ಹಾಕುತ್ತಾರೆ. ಮೇಜಿನ ಮೇಲೆ ಕೆಂಪು ಮೆಣಸಿನಕಾಯಿ ಚಟ್ನಿ ಇರುತ್ತದೆ, ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ್ದು. ಶನಿವಾರ ಸ್ಕ್ಯೂ ಮಾಡುತ್ತಾರೆ. ಗೋಧಿ ಹಿಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ತರಕಾರಿಯ ಜೊತೆ ಬೇಯಿಸಿದ್ದು. ಒಂದು ಬಟ್ಟಲು ತಿಂದರೆ ಮಧ್ಯಾಹ್ನದವರೆಗೆ ಚಳಿಯ ಯೋಚನೆಯೇ ಬರುವುದಿಲ್ಲ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ನಾನು ಊಟಕ್ಕೆ ಬೇರೆ ಕಡೆ ಹೋಗುವುದನ್ನೇ ಬಿಟ್ಟೆ. ಬೆಳಗಿನ ತಿಂಡಿಗೆ ಜಾಮಾ ಮಸೀದಿಯ ಹಿಂದಿನ ಓಣಿಯ ತಂದೂರ್ ರೊಟ್ಟಿ ತೆಗೆದುಕೊಳ್ಳಿ. ಬಿಸಿ ರೊಟ್ಟಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಮೈದಾನಕ್ಕೆ ಹೋದರೆ ಹೊಟ್ಟೆಗೂ ಆಯಿತು, ಮೈಗೂ ಆಯಿತು. ಬೆಣ್ಣೆ ಚಹಾ ಉಪ್ಪಾಗಿರುತ್ತದೆ. ಕೊಟ್ಟಾಗ ಬೇಡ ಎನ್ನಬೇಡಿ, ಒಣಗಿದ ಗಂಟಲಿಗೆ ಅದೇ ಒಳ್ಳೆಯದು.

ಹಳ್ಳಿಯ ಪಂದ್ಯಕ್ಕೆ ಟಿಕೆಟ್ ಇಲ್ಲ. ಆದರೆ ಚಹಾ, ಬಿಸಿನೀರಿನ ಸೌದೆ, ಗೆದ್ದವರ ಕಪ್ಪು ಎಲ್ಲಕ್ಕೂ ಊರವರೇ ಕೈಯಿಂದ ಹಾಕುತ್ತಾರೆ. ಹೋದವರು ಒಂದಿಷ್ಟು ದುಡ್ಡು ಕೊಡಿ. ಫೋಟೋ ತೆಗೆಯುವುದಕ್ಕಷ್ಟೇ ಹೋಗಬೇಡಿ, ಆಟ ಮುಗಿದ ಮೇಲೆ ಹಲಗೆ ಹಿಡಿದು ಗುಡಿಸಲು ನಿಂತರೆ ಖುಷಿಯಿಂದ ಸೇರಿಸಿಕೊಳ್ಳುತ್ತಾರೆ. ಇನ್ನು ಕೆನಡಾ, ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ನಿಮ್ಮ ಮಕ್ಕಳು ಹಾಕಿ ಆಡುತ್ತಿದ್ದರೆ ವರ್ಷಕ್ಕೊಮ್ಮೆ ಸ್ಕೇಟ್ಸ್ ಚಿಕ್ಕದಾಗುತ್ತದೆ, ಹೆಲ್ಮೆಟ್ಟು ಮೂಲೆ ಸೇರುತ್ತದೆ. ಊರಿಗೆ ಬರುವಾಗ ತನ್ನಿ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳ ಅಳತೆಯವು, ಅದರಲ್ಲೂ ಗೋಲ್‌ಕೀಪರ್‌ನ ಕಾಲಿನ ಪ್ಯಾಡ್, ಅಲ್ಲಿ ಸಾಕಾಗುವಷ್ಟು ಇಲ್ಲ ಎಂದು ಮೇಷ್ಟ್ರು ಹೇಳಿದರು. ಲೇಹ್ ವಿಮಾನದಲ್ಲಿ ಲಗೇಜಿನ ಮಿತಿ ಬಿಗಿ, ಎಷ್ಟು ಕೆಜಿ ಎಂದು ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಬ್ಲೇಡಿಗೆ ರಬ್ಬರ್ ಕವರ್ ಹಾಕಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ.