ಗಿಡುಗ ಬರುವ ಅಂಗಳದಲ್ಲಿ ಹಕ್ಕಿಗಳಿಗೆ ಕಾಳಿಡುವುದು: ಶಿರಸಿಯಿಂದ ಈವರೆಗಿನ ಟಿಪ್ಪಣಿ

ನವೆಂಬರ್

ಹಿತ್ತಲಿನ ಹಲಸಿನ ಮರಕ್ಕೆ ಶಿಕ್ರಾ ಗಿಡುಗವೊಂದು ಖಾಯಂ ಆಗಿ ಬರತೊಡಗಿದೆ. ಪಾರಿವಾಳದಷ್ಟೇ ಗಾತ್ರ. ಬೂದು ಬೆನ್ನು, ಎದೆಯ ಮೇಲೆ ಕಿತ್ತಳೆಗೆಂಪಿನ ತೆಳುವಾದ ಅಡ್ಡಗೆರೆಗಳು, ಕಣ್ಣು ಕೆಂಪು. ಆದ್ದರಿಂದ ಇದು ಗಂಡು. ಹೆಣ್ಣಿನ ಕಣ್ಣು ಹಳದಿಗೆ ಹತ್ತಿರ, ಮೈಯೂ ದೊಡ್ಡದು. ಗಿಡ್ಡ ದುಂಡು ರೆಕ್ಕೆ, ಉದ್ದ ಬಾಲ. ಅಡಿಕೆ ಮರಗಳ ಸಂದಿಯಲ್ಲಿ ನುಸುಳಿ ತಿರುಗಲು ಇಂಥ ಮೈಕಟ್ಟೇ ಬೇಕು. ಎಲೆಮರೆಯಲ್ಲಿ ಕುಳಿತು, ಸಮಯ ನೋಡಿ, ತಗ್ಗಿನಲ್ಲಿಯೇ ಹಾರಿ ಬಂದು ಎರಗುವುದು ಇದರ ಪದ್ಧತಿ.

ಮೊದಲು ಹೋದದ್ದು ಒಂದು ಚುಕ್ಕೆ ರಾಟವಾಳ. ತಟ್ಟೆಯ ಸುತ್ತ ಭತ್ತ ತಿನ್ನುತ್ತಿದ್ದ ಗುಂಪು ಒಮ್ಮೆಲೇ ಚದುರಿತು. ಗಿಡುಗ ಚಿರೆಕಲ್ಲಿನ ಪಾಗಾರದ ಮೇಲೆ ಕುಳಿತು, ಹಕ್ಕಿಯನ್ನು ಒಂದು ಕಾಲಿನಿಂದ ಅದುಮಿ ಹಿಡಿದು, ಕೊಕ್ಕಿನಿಂದ ಪುಕ್ಕ ಕಿತ್ತು ಕಿತ್ತು ಬದಿಗೆ ಹಾಕಿತು. ಎರಡು ಸಲ ಕಿತ್ತು ಒಮ್ಮೆ ತಲೆಯೆತ್ತಿ ಸುತ್ತ ನೋಡುತ್ತಿತ್ತು. ಅದು ಹಾರಿಹೋದ ಮೇಲೆ ನೋಡಿದರೆ ಕಲ್ಲಿನ ತೂತುಗಳಲ್ಲಿ ಕಂದು ಗೆರೆಯ ಸಣ್ಣ ಪುಕ್ಕಗಳು ಸಿಕ್ಕಿಕೊಂಡಿದ್ದವು. ತಿಂದು ಬಿಟ್ಟದ್ದು ಬೇರೇನೂ ಇರಲಿಲ್ಲ.

ಅತ್ತೆಗೆ ಬಹಳ ಬೇಸರವಾಯಿತು. “ಕಾಳು ಹಾಕುವುದನ್ನು ಬಿಟ್ಟುಬಿಡು ತಂಗಿ, ಊಟಕ್ಕೆ ಕರೆದು ಕೊಲ್ಲಿಸಿದ ಹಾಗಾಗುತ್ತದೆ” ಎಂದರು. ಪಕ್ಕದ ಮನೆಯ ಭಾವ ಮಂಗನಿಗೆ ಹೊಡೆಯುವ ಪಟಾಕಿಯನ್ನೇ ಇದಕ್ಕೂ ಹೊಡೆಯಲು ಹೇಳಿದರು. ಅದು ನನಗೆ ಒಪ್ಪಿಗೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಿಡುಗಗಳಿಗೆ ಮೊದಲ ಪರಿಶಿಷ್ಟದ ರಕ್ಷಣೆಯಿದೆ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾಗಿ, ಶಿಕ್ರಾ ತಿನ್ನುವುದು ಹಕ್ಕಿಯನ್ನಷ್ಟೇ ಅಲ್ಲ. ಓತಿಕ್ಯಾತ, ಇಲಿ, ಕಪ್ಪೆ, ದೊಡ್ಡ ಮಿಡತೆ ಎಲ್ಲವೂ ಅದಕ್ಕೆ ಆಹಾರ. ರಾಟವಾಳಕ್ಕೆ ಈ ತೋಟ ಎಷ್ಟು ಸೇರಿದ್ದೋ ಗಿಡುಗಕ್ಕೂ ಅಷ್ಟೇ ಸೇರಿದ್ದು.

ಆದರೆ ಅತ್ತೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಳು ಇಟ್ಟಲ್ಲಿ ಹಕ್ಕಿಗಳು ಒಂದೇ ಕಡೆ, ಒಂದೇ ಹೊತ್ತಿಗೆ, ತಲೆ ತಗ್ಗಿಸಿ ಸೇರುತ್ತವೆ. ಹಾಗೆ ಸೇರಿಸಿದವರು ನಾವು. ಅದರಿಂದ ಗಿಡುಗಕ್ಕೆ ಸಿಗುವ ಹೆಚ್ಚಿನ ಅನುಕೂಲವನ್ನು ತೆಗೆದುಹಾಕುವುದೇ ಈ ಚಳಿಗಾಲದ ಕೆಲಸ. ಬೇಟೆ ನಡೆಯಲಿ, ಆದರೆ ಕಾಡಿನಲ್ಲಿ ನಡೆಯುವ ಹಾಗೆ ನಡೆಯಲಿ.

ಡಿಸೆಂಬರ್

ಸದ್ಯಕ್ಕೆ ಕಾಳು ಬಂದ್. ಅಮೆರಿಕದ ಹಿತ್ತಲುಗಳಲ್ಲಿ ಕೂಪರ್ ಗಿಡುಗ ಹೀಗೆ ಬಂದು ಕೂತರೆ ಒಂದೆರಡು ವಾರ ಕಾಳಿನ ತಟ್ಟೆ ತೆಗೆದಿಡಿ, ಹಕ್ಕಿಗಳು ಚದುರಿದರೆ ಗಿಡುಗವೂ ಬೇರೆಡೆಗೆ ಹೋಗುತ್ತದೆ ಎಂದು ಪಕ್ಷಿ ತಜ್ಞರು ಹೇಳುತ್ತಾರೆ. ಅಲ್ಲಿ ಹಿಮ ಬೀಳುವ ಕಾಲದಲ್ಲಿ ತಟ್ಟೆ ತೆಗೆಯಲು ಜನ ಹಿಂಜರಿಯುತ್ತಾರೆ. ನಮಗೆ ಆ ಚಿಂತೆಯಿಲ್ಲ. ಗದ್ದೆಯಲ್ಲಿ ಕೊಯ್ಲಿನ ಉದುರು ಭತ್ತ ಇದೆ, ಬೆಟ್ಟದಲ್ಲಿ ಗೋಳಿ ಹಣ್ಣು ಇದೆ. ಕಲ್ಲಿನ ಮರಿಗೆಯಲ್ಲಿ ನೀರು ಮಾತ್ರ ಇಡುತ್ತಿದ್ದೇನೆ. ಅಡಿಕೆ ಕೊಯ್ಲು ಶುರುವಾಗಿ ಅಂಗಳದ ತುಂಬ ಜನ ಓಡಾಡುತ್ತಿರುವುದರಿಂದಲೂ ಇರಬಹುದು, ಗಿಡುಗ ಹಲಸಿನ ಮರ ಬಿಟ್ಟು ತೋಟದ ಆಚೆ ಅಂಚಿಗೆ ಸರಿದಿದೆ.

ಈ ನಡುವೆ ಇನ್ನೊಂದು ಸಾವು. ಗಿಡುಗ ಅಟ್ಟಿಸಿಕೊಂಡು ಬಂದ ಚೋರೆ ಹಕ್ಕಿ ಹೊಸ ಕೋಣೆಯ ದೊಡ್ಡ ಗಾಜಿಗೆ ಬಡಿದು ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ. ಗಿಡುಗ ಅದನ್ನು ಮುಟ್ಟಲೇ ಇಲ್ಲ, ತಿರುಗಿ ಹೋಯಿತು. ಯಾರ ಹೊಟ್ಟೆಗೂ ಆಗದ ಸಾವು. ಇದು ನನ್ನನ್ನು ರಾಟವಾಳಕ್ಕಿಂತ ಹೆಚ್ಚು ಕಾಡಿತು. ಬೆಳಗಿನ ಹೊತ್ತು ಹೊರಗೆ ನಿಂತು ನೋಡಿದರೆ ಆ ಗಾಜಿನಲ್ಲಿ ಅಡಿಕೆ ತೋಟವೇ ಕಾಣುತ್ತದೆ. ಸೋಗೆ, ಬಾಳೆ ಎಲೆ, ನಡುವೆ ಆಕಾಶ. ಜೀವ ಉಳಿಸಿಕೊಳ್ಳಲು ಹಾರುವ ಹಕ್ಕಿಗೆ ಅದು ದಾರಿ.

ಗಾಜಿನ ಹೊರಮೈಗೆ ಬಿಳಿ ಬಣ್ಣದ ಚುಕ್ಕೆ ಇಡುತ್ತಿದ್ದೇನೆ. ಹೊರಮೈಯೇ ಆಗಬೇಕು, ಒಳಗೆ ಅಂಟಿಸಿದರೆ ಪ್ರತಿಬಿಂಬ ಅದನ್ನು ಮುಚ್ಚಿಬಿಡುತ್ತದೆ. ಚುಕ್ಕೆಯಿಂದ ಚುಕ್ಕೆಗೆ 2 ಇಂಚಿಗಿಂತ ಹೆಚ್ಚು ಅಂತರ ಇರಬಾರದು. ಹೆಚ್ಚಾದರೆ ಹಕ್ಕಿ ಆ ಸಂದಿಯಲ್ಲಿ ಹಾದುಹೋಗಬಹುದೆಂದು ನುಗ್ಗುತ್ತದೆ. ಗಿಡುಗನ ಚಿತ್ರವನ್ನು ಒಂದು ಮೂಲೆಗೆ ಅಂಟಿಸಿ ಸುಮ್ಮನಾಗುವವರಿದ್ದಾರೆ. ಅದರಿಂದ ಉಪಯೋಗವಿಲ್ಲ, ಹಕ್ಕಿಗಳು ಚಿತ್ರವನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತವೆ. ಅತ್ತೆ ರಂಗೋಲಿಯ ಚುಕ್ಕೆಯ ಲೆಕ್ಕದಲ್ಲಿ ದಾರ ಹಿಡಿದು ಅಳತೆ ಹಾಕಿಕೊಟ್ಟರು, ನನ್ನ ಸಾಲುಗಳಿಗಿಂತ ಅವರವೇ ನೆಟ್ಟಗಿವೆ.

ಜನವರಿ

ಹೊಸ ತಟ್ಟೆ ಎದ್ದಿತು. ಜಾಗ ಆರಿಸುವುದೇ ಅರ್ಧ ಕೆಲಸ. ಪೊದೆ ತೀರಾ ಹತ್ತಿರವಿದ್ದರೆ ಬೆಕ್ಕು ಅಡಗುತ್ತದೆ, ತೀರಾ ದೂರವಿದ್ದರೆ ಗಿಡುಗ ಬಂದಾಗ ಹಕ್ಕಿಗೆ ಸೇರಿಕೊಳ್ಳಲು ಜಾಗವಿಲ್ಲ. 10–12 ಅಡಿ ಹದ. ಗಾಜಿನ ಲೆಕ್ಕವೂ ಇದೆ: ಕಿಟಕಿಯಿಂದ 3 ಅಡಿಯೊಳಗೆ ಇರಬೇಕು, ಇಲ್ಲವೇ 30 ಅಡಿ ಆಚೆ. ಹತ್ತಿರವಿದ್ದರೆ ಹಕ್ಕಿಗೆ ವೇಗ ಬರುವ ಮೊದಲೇ ಗಾಜು ಸಿಗುತ್ತದೆ, ಪೆಟ್ಟು ಜೋರಾಗುವುದಿಲ್ಲ. ಎರಡೂ ಲೆಕ್ಕಕ್ಕೆ ಒಪ್ಪಿದ್ದು ಬಾವಿಕಟ್ಟೆಯ ಆಚೆಗಿನ ಬಯಲು, ಕೇಪಳದ ಪೊದೆಯ ಎದುರಿಗೆ.

ಕಂಬ ಬಿದಿರಿನದು. ತಟ್ಟೆ ಅಡಿಕೆ ಹಾಳೆಯದು, ಹಾಳಾದರೆ ಎಸೆದು ಹೊಸತು ಇಡಬಹುದು; ಹಳೆಯ ಕಾಳಿನಲ್ಲಿ ಬೂಸಲು ಹಿಡಿದು ಹಕ್ಕಿಗಳಿಗೆ ರೋಗ ತಗಲುವುದು ಗಿಡುಗದಷ್ಟೇ ದೊಡ್ಡ ಅಪಾಯ. ತಟ್ಟೆಯ ಸುತ್ತ ಅಡಿಕೆ ದಬ್ಬೆಯನ್ನು ಸೀಳಿ ಎರಡು ಬೆರಳು ಅಂತರದಲ್ಲಿ ನಿಲ್ಲಿಸಿದ್ದೇನೆ. ರಾಟವಾಳ ಎಲ್ಲ ಕಡೆಯಿಂದಲೂ ಸಲೀಸಾಗಿ ಒಳಗೆ ಹೊರಗೆ ಹೋಗುತ್ತದೆ, ಗಿಡುಗದ ಮೈ ತೂರುವುದಿಲ್ಲ. ಒಂದು ಪಕ್ಕಕ್ಕೂ ಹಲಗೆ ಹೊಡೆದಿಲ್ಲ. ಮುಚ್ಚಿದ ಪಕ್ಕವಿದ್ದರೆ ಗಾಬರಿಯಾದ ಹಕ್ಕಿ ಅಲ್ಲಿಗೇ ನುಗ್ಗಿ ಸಿಕ್ಕಿಬೀಳುತ್ತದೆ. ಪಿಕಳಾರ, ಕುಟ್ರು ಹಕ್ಕಿಗಳಿಗೆ ಬಾಳೆಹಣ್ಣನ್ನು ಬೇರೆ ಕಡೆ, ಪೊದೆಯ ಒಳಗೇ ಚುಚ್ಚಿಡುತ್ತೇನೆ. ಅವು ಗುಂಪುಗೂಡಿ ತಿನ್ನುವುದಿಲ್ಲ.

ನೀರಿನ ಮರಿಗೆಯನ್ನೂ ಪೊದೆಯ ಬುಡಕ್ಕೆ ಸರಿಸಿದೆವು. ಮಿಂದ ಹಕ್ಕಿಯ ರೆಕ್ಕೆ ಭಾರವಾಗಿರುತ್ತದೆ, ಬೇಗ ಏಳಲಾರದು. ತಲೆಯ ಮೇಲೆ ಕೊಂಬೆಯಿದ್ದರೆ ಒಂದೇ ನೆಗೆತಕ್ಕೆ ಸಿಗುತ್ತದೆ.

ಹಕ್ಕಿಗಳು ಅಡಗಲೆಂದು ಜಿಗ್ಗಿನ, ಅಂದರೆ ಕಡಿದ ಒಣ ಕೊಂಬೆಗಳ, ರಾಶಿ ಹಾಕುವ ವಿಚಾರಕ್ಕೆ ಮಾತ್ರ ಅತ್ತೆಯ ತಡೆ. ರಾಶಿಯೊಳಗೆ ಹಾವು ಸೇರುತ್ತದೆ ಎನ್ನುವುದು ಅವರ ಭಯ, ಅದು ನಿಜವೂ ಹೌದು. ಮನೆಯಿಂದ ದೂರ, ತೋಟದ ಇಳಿಜಾರಿನಲ್ಲಿ ಹಾಕುವುದೆಂದು ಒಪ್ಪಂದವಾಗಿದೆ.

ಫೆಬ್ರವರಿ

ಈ ತಿಂಗಳು ಕಿವಿಯ ಕೆಲಸವೇ ಹೆಚ್ಚು. ಗಿಡುಗ ಹಾರುತ್ತಿರುವಾಗಿನ ಎಚ್ಚರಿಕೆಯೇ ಬೇರೆ, ಕೂತಿರುವಾಗಿನದೇ ಬೇರೆ. ಹಾರಿ ಬರುತ್ತಿದ್ದರೆ ಎಲ್ಲಿಂದಲೋ ‘ಸೀ...’ ಎಂಬ ಎಳೆಯಂಥ ತೆಳು ದನಿ ಬರುತ್ತದೆ. ಎಷ್ಟು ಹುಡುಕಿದರೂ ಕೂಗಿದ ಹಕ್ಕಿ ಯಾವುದು, ಎಲ್ಲಿದೆ ಎಂದು ತಿಳಿಯುವುದಿಲ್ಲ. ಗಿಡುಗಕ್ಕೂ ತಿಳಿಯಬಾರದೆಂದೇ ಆ ದನಿ ಹಾಗಿದೆ. ಅದು ಕೇಳಿದ ಕ್ಷಣ ಅಂಗಳ ಖಾಲಿ. ಕೂತ ಗಿಡುಗ ಕಣ್ಣಿಗೆ ಬಿದ್ದರೆ ಮಾತ್ರ ಗಲಾಟೆಯೇ ಗಲಾಟೆ: ಮಡಿವಾಳ ಹಕ್ಕಿ ಬಾಲ ಎತ್ತಿ ‘ಚರ್ರ್’ ಎನ್ನುತ್ತದೆ, ಹರಟೆಮಲ್ಲಗಳ ಗುಂಪು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ ಹತ್ತಿರ ಹತ್ತಿರಕ್ಕೇ ಹೋಗುತ್ತದೆ. ಗುಟ್ಟು ರಟ್ಟಾದ ಮೇಲೆ ಗಿಡುಗ ಕೂತು ಮಾಡುವುದೇನೂ ಇಲ್ಲ, ಎದ್ದು ಹೋಗುತ್ತದೆ. ಹರಟೆಮಲ್ಲಗಳು ತರಗೆಲೆ ಮಗುಚುವಾಗ ಅವುಗಳಲ್ಲೊಂದು ಮೇಲೆ ಕಾವಲು ಕೂತಿರುತ್ತದೆ. ಅವು ಇರುವ ಹೊತ್ತಿನಲ್ಲಿ ರಾಟವಾಳಗಳೂ ನಿಶ್ಚಿಂತೆಯಿಂದ ತಿನ್ನುವುದನ್ನು ಕಂಡ ಮೇಲೆ ಪೊದೆಯ ಸುತ್ತ ತರಗೆಲೆ ಗುಡಿಸುವುದನ್ನು ನಿಲ್ಲಿಸಿದ್ದೇನೆ.

ಭೀಮರಾಜ ಹಕ್ಕಿಯ ಕೂಗನ್ನು ನಂಬುವಂತಿಲ್ಲ. ಗಿಡುಗದ ದನಿಯನ್ನೂ ಅದು ಚೆನ್ನಾಗಿ ಅನುಕರಿಸುತ್ತದೆ.

ತಿಂಗಳ ಕೊನೆಗೆ ಎಲ್ಲ ಹಕ್ಕಿಗಳೂ ಹೆದರಿ ಅಡಗಿದವು, ಆದರೆ ಕೊಂಬೆಯಲ್ಲಿದ್ದದ್ದು ಚಾಣ ಕೋಗಿಲೆ! ಬೂದು ಬೆನ್ನು, ಎದೆಯ ಪಟ್ಟೆ, ಬಾಲದ ಗೆರೆ, ಹಾರಿ ಬಂದು ಕೂರುವ ರೀತಿ, ಎಲ್ಲವೂ ಶಿಕ್ರಾದವೇ. ಕೊಕ್ಕು ನೋಡಿದರೆ ಗೊತ್ತಾಗುತ್ತದೆ, ಗಿಡುಗದ ಕೊಕ್ಕಿನ ಬಾಗು ಇದಕ್ಕಿಲ್ಲ. ಕಣ್ಣಿನ ಸುತ್ತ ಹಳದಿ ಬಳೆಯಿದೆ. ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿಯಿದು. ಈ ವೇಷ ಅದಕ್ಕೆ ಎಷ್ಟು ಕೆಲಸಕ್ಕೆ ಬರುತ್ತದೆಂಬುದನ್ನು ಅಂಗಳದಲ್ಲೇ ನಿಂತು ನೋಡಿದ್ದು ಈ ಚಳಿಗಾಲದ ದೊಡ್ಡ ಲಾಭ.

ಮಾರ್ಚ್

ಹೊಸ ತಟ್ಟೆಯ ಬಳಿ ಗಿಡುಗ ಎರಗಿದ್ದನ್ನು ನಾನು ಕಂಡಾಗಲೆಲ್ಲ ಅದು ಬೇಟೆ ಸಿಗದೆ ಬರಿಗಾಲಿನಲ್ಲೇ ಹಿಂದಿರುಗಿದೆ. ಪಾಗಾರದ ಮೇಲಿನಿಂದ ಓತಿಕ್ಯಾತವನ್ನು ಹೊತ್ತೊಯ್ದದ್ದನ್ನು ನೋಡಿದ್ದೇನೆ. ಗಾಜಿಗೆ ಚುಕ್ಕೆ ಬಂದ ಮೇಲೆ ಹಕ್ಕಿ ಬಡಿದ ಸದ್ದು ಕೇಳಿಲ್ಲ.

ಈಗ ತೋಟದ ಅಂಚಿನ ಮಾವಿನ ಮರಕ್ಕೆ ಅದು ಕಡ್ಡಿ ಒಯ್ಯುತ್ತಿದೆ, ಹೆಣ್ಣೂ ಜೊತೆಗಿದೆ. ಗೂಡಿನಲ್ಲಿ ಮರಿಯಾದರೆ ಬೇಟೆ ಹೆಚ್ಚುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಕಾಳು ಪೂರ್ತಿ ನಿಲ್ಲಿಸಿ, ಪೊದೆಯೊಳಗಿನ ಹಣ್ಣು ಮತ್ತು ನೀರನ್ನಷ್ಟೇ ಮುಂದುವರಿಸುತ್ತೇನೆ. ಮಾವಿನ ಮರದ ಕೆಳಗೆ ಸೊಪ್ಪು ಕಡಿಯಲು ಹೋಗುವುದು ಬೇಡವೆಂದು ಮನೆಯಲ್ಲಿ ಹೇಳಿಯಾಗಿದೆ. ಮಳೆ ಹಿಡಿದ ಮೇಲೆ ಬಾವಿಕಟ್ಟೆಯ ಇನ್ನೊಂದು ಬದಿಗೂ ಕೇಪಳದ ಗೆಲ್ಲು ನೆಡುವುದು ಬಾಕಿ. ಎರಡು ದಿಕ್ಕಿಗೂ ಪೊದೆಯಿದ್ದರೆ ತಟ್ಟೆಯಿಂದ ಹಾರುವ ಹಕ್ಕಿಗೆ ಗಿಡುಗನ ಎದುರಿನಿಂದಲೇ ಹಾಯಬೇಕಾದ ಪ್ರಮೇಯ ಬರುವುದಿಲ್ಲ.