ಕೊನೆಗೆ ಬಕೆಟ್ಟೇ ತಂದೆ

ಶನಿವಾರ, 8 ಜೂನ್ 2024, ರಾತ್ರಿ

ಮೂರು ವಾರದಿಂದ ಎಳೆದಾಡಿಕೊಂಡು ಬಂದ ಕೆಲಸ ಇವತ್ತು ಮುಗಿಯಿತು. ಬಿಯರ್ ಹುದುಗಿಸಲು ಪಾತ್ರೆ ಬಂತು. 15 ಲೀಟರಿನ ಬಿಳಿ ಪ್ಲಾಸ್ಟಿಕ್ ಬಕೆಟ್, ಬಿಗಿಯಾಗಿ ಕೂರುವ ಮುಚ್ಚಳ, ಬುಡದಲ್ಲೊಂದು ನಲ್ಲಿ. ತಮ್ಮ ನೋಡಿ, "ಅಣ್ಣಾ, ಇಷ್ಟು ದಿನ ತಲೆ ಕೆಡಿಸಿಕೊಂಡು ಕೊನೆಗೆ ಬಕೆಟ್ ತಂದ್ಯಾ?" ಅಂದ. ಹೌದು, ಬಕೆಟ್ಟೇ.

ಹೋದ ಸಲ ಆದದ್ದನ್ನು ಬರೆಯದಿದ್ದರೆ ಈ ಆಯ್ಕೆ ಅರ್ಥ ಆಗುವುದಿಲ್ಲ. ಆಗ ಗೆಳೆಯನೊಬ್ಬನಿಂದ ಎರವಲು ತಂದ 20 ಲೀಟರಿನ ಗಾಜಿನ ಬುಡ್ಡಿ ಇತ್ತು. ನೋಡಲು ಎಷ್ಟು ಚೆಂದ ಅಂದರೆ, ಅದನ್ನು ತುಂಬಿಸದೆ ಬಿಟ್ಟರೆ ಪಾಪ ಅನ್ನಿಸಿತು. ಕತ್ತಿನವರೆಗೂ ತುಂಬಿಸಿದೆ. ಮಾರನೆಯ ದಿನ ಯೀಸ್ಟ್ ಕೆಲಸ ಶುರು ಮಾಡಿತು, ನೊರೆ ಮೇಲೆದ್ದಿತು, ಏರ್‌ಲಾಕಿನೊಳಗೆ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ, ನೀರು ತುಂಬಿದ ಬಾಗು ಕೊಳವೆ) ನುಗ್ಗಿ ಅಲ್ಲೇ ಗಟ್ಟಿಯಾಗಿ ಕೂತಿತು. ಗಾಳಿಗೆ ದಾರಿ ಇಲ್ಲ. ರಾತ್ರಿ ಎರಡು ಗಂಟೆಗೆ ಢಬ್ ಅಂತ ಸದ್ದು. ರಬ್ಬರ್ ಬಿರಡೆ ಹಾರಿ ಸೂರಿಗೆ ಬಡಿದಿತ್ತು. ಸೂರಿನ ಮೇಲೆ ಕಂದು ಬಣ್ಣದ ಕಲೆ ಈಗಲೂ ಇದೆ. ಗಾಜು ಒಡೆಯಲಿಲ್ಲ, ಅದೃಷ್ಟ.

ಆಮೇಲೆ ಕೂತು ಲೆಕ್ಕ ಹಾಕಿದೆ. ಸಕ್ಕರೆಯನ್ನು ಯೀಸ್ಟ್ ತಿಂದಾಗ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್. ಸಾಧಾರಣ ಅಮಲಿನ 10 ಲೀಟರ್ ಬಿಯರ್ ಹುದುಗುವಾಗ ಹೊರಬರುವ ಗ್ಯಾಸ್ ಸುಮಾರು 200 ಲೀಟರ್. ಅಂದರೆ ಬಿಯರಿನ ಇಪ್ಪತ್ತು ಪಟ್ಟು! ಇಷ್ಟನ್ನೂ ಒಳಗೆ ಕೂಡಿಹಾಕುತ್ತೇನೆ ಅಂತ ಹೊರಟರೆ ಯಾವ ಗಾಜಾದರೂ ಏನು ಮಾಡೀತು? ಆದ್ದರಿಂದ ಪಾತ್ರೆ ನೋಡುವಾಗ ನನ್ನ ಮೊದಲ ಪ್ರಶ್ನೆ, ಮೇಲೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದು. ಕಾಲು ಭಾಗವಾದರೂ ಖಾಲಿ ಇರಬೇಕು. 10 ಲೀಟರ್ ಮಾಡಲು 10 ಲೀಟರಿನ ಪಾತ್ರೆ ಸಾಲದು, 13ರಿಂದ 15 ಲೀಟರಿನದ್ದು ಬೇಕು.

ಎರಡನೆಯ ಪ್ರಶ್ನೆ, ಒಳಗೆ ಕೈ ಹೋಗುತ್ತದಾ? ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನೋಡಿ. ಆ ಬುಡ್ಡಿಯ ಕತ್ತಿನಲ್ಲಿ ನನ್ನ ಮೂರು ಬೆರಳು ಹೋಗುತ್ತಿದ್ದವು. ಒಳಗೆ ಒಣಗಿ ಹಿಡಿದ ನೊರೆಯ ಪಟ್ಟಿ ಬಿಡಿಸಲು ಬಗ್ಗಿದ ಬ್ರಷ್ಷು, ಬಿಸಿನೀರು, ರಾತ್ರಿಯಿಡೀ ನೆನೆಹಾಕುವುದು, ಎಲ್ಲ ಆಯಿತು. ತುಂಬ ಬಿಸಿನೀರು ಹಾಕುವಂತೆಯೂ ಇಲ್ಲ. ತಣ್ಣನೆ ಗಾಜಿಗೆ ಕುದಿನೀರು ಸುರಿದರೆ ಸೀಳಿ ಹೋಗುತ್ತದೆ. ಒದ್ದೆ ಕೈಯಲ್ಲಿ ಜಾರಿದರಂತೂ ಕೇಳಲೇಬೇಡಿ. 20 ಲೀಟರ್ ತುಂಬಿದ ಬುಡ್ಡಿ ಅಂದರೆ ಬಿಯರ್ ಒಂದೇ 20 ಕಿಲೋ ಮೀರುತ್ತದೆ, ಅದರ ಮೇಲೆ ಗಾಜಿನ ತೂಕ. ಹಿಡಿ ಬೇರೆ ಇಲ್ಲ.

ಹಾಗಂತ ಗಾಜು ಕೆಟ್ಟದ್ದಲ್ಲ. ಗೀರು ಬೀಳುವುದಿಲ್ಲ, ವಾಸನೆ ಹೀರುವುದಿಲ್ಲ, ಗಾಳಿ ಒಳಗೆ ಬಿಡುವುದಿಲ್ಲ. ಜೇನಿನ ಮದ್ಯ ಮಾಡಿ ಆರೆಂಟು ತಿಂಗಳು ಇಡುವವರಿಗೆ ಅದೇ ಸರಿ. ಪ್ಲಾಸ್ಟಿಕ್ಕಿನ ಮೈಯಲ್ಲಿ ಆಮ್ಲಜನಕ ನಿಧಾನವಾಗಿ ಒಳಗೆ ನುಸುಳುತ್ತದೆ, ತಿಂಗಳುಗಟ್ಟಲೆ ಇಟ್ಟರೆ ರುಚಿ ಹಳಸುತ್ತದೆ. ನನ್ನದು ಎರಡು ವಾರದ ವ್ಯವಹಾರ, ಅಷ್ಟಕ್ಕೆ ಬಕೆಟ್ ಸಾಕು. ಗಾಜಿನದ್ದು ಇನ್ನೊಂದು ಕಾಟ, ಬೆಳಕು. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಹಾಕಿದ ಬಿಯರಿಗೆ ಬಿಸಿಲು ತಗುಲಿದರೆ ಒಂದು ಥರ ನಾರುತ್ತದೆ. ಬಿಯರಿನ ಬಾಟಲಿಗಳು ಕಂದು ಬಣ್ಣಕ್ಕಿರುವುದು ಸುಮ್ನೆ ಅಲ್ಲ. ಬುಡ್ಡಿಗೆ ನಾನು ಹಳೇ ಟವೆಲ್ ಸುತ್ತಿಟ್ಟಿದ್ದೆ.

ಹುದುಗಿಸಲೆಂದೇ ಮಾಡಿದ ಸ್ಟೀಲ್ ಪಾತ್ರೆಯ, ಅಂದರೆ ಫರ್ಮೆಂಟರಿನ, ಆಸೆ ನನಗೂ ಇದೆ. ಬುಡ ಶಂಕುವಿನ ಹಾಗೆ ಇರುತ್ತದೆ, ಗಸಿಯೆಲ್ಲ ಕೆಳಗಿಳಿದು ನಲ್ಲಿಯಲ್ಲಿ ಹೊರಗೆ ಹೋಗುತ್ತದೆ. ಬೆಲೆ ನೋಡಿ ಪುಟ ಮುಚ್ಚಿದೆ. ಆದರೆ ಮನೆಯಲ್ಲಿ ದೊಡ್ಡ ಸ್ಟೀಲ್ ಪಾತ್ರೆ ಇದ್ದರೆ, ಕುದಿಸಿದ ರಸವನ್ನು ಅದರಲ್ಲೇ ತಣಿಸಿ, ಮುಚ್ಚಳದ ಅಂಚಿಗೆ ಅಂಟುವ ಪ್ಲಾಸ್ಟಿಕ್ ಹಾಳೆ ಸುತ್ತಿ ಹುದುಗಿಸಬಹುದು. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ಗ್ಯಾಸ್ ಒಳಗಿಂದ ಹೊರಗೆ ತಳ್ಳುತ್ತಲೇ ಇರುತ್ತದೆ, ಹೊರಗಿನ ಗಾಳಿಗೆ ನುಗ್ಗಲು ಬಿಡುವುದಿಲ್ಲ. ಜೋರು ಇಳಿದ ಮೇಲೆ ಅದನ್ನು ಹಾಗೇ ಇಟ್ಟುಕೊಂಡು ಕೂರಬಾರದು, ಅಷ್ಟೇ. ಸ್ಟೀಲಿಗೆ ಬ್ಲೀಚ್ ಹಾಕಿ ನೆನೆಸಬೇಡಿ, ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ತಾಮ್ರ, ಸತು ಬಳಿದ ಬಕೆಟ್, ಯಾವ ಕಾಲದ್ದೋ ಗೊತ್ತಿಲ್ಲದ ಹೊಳಪಿನ ಮಣ್ಣಿನ ಜಾಡಿ, ಇವು ಬೇಡವೇ ಬೇಡ. ಹುದುಗಿದ ರಸ ಹುಳಿ, ಹುಳಿಗೆ ಲೋಹ ಬಿಡುತ್ತದೆ. ಹಳೇ ಹೊಳಪಿನಲ್ಲಿ ಸೀಸ ಇದ್ದರೂ ಇರಬಹುದು.

ಇನ್ನು ಬಕೆಟ್ಟಿನ ವಿಷಯ. ಬುಡದಲ್ಲಿ ತ್ರಿಕೋನದೊಳಗೆ 2 ಅಂತಿದ್ದರೆ ಅದು ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್. 2 ಇದ್ದ ಮಾತ್ರಕ್ಕೆ ತಿನ್ನುವ ಪದಾರ್ಥಕ್ಕೆ ಆಗುತ್ತದೆ ಅಂತಲ್ಲ, ಬಣ್ಣದ ಡಬ್ಬಿಯ ಬುಡದಲ್ಲೂ 2 ಇರಬಹುದು. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ನಡತೆ ಹೇಳುವುದಿಲ್ಲ. ಫುಡ್ ಗ್ರೇಡ್ ಅಂತ ಬರೆದಿರಬೇಕು, ಇಲ್ಲವೇ ಲೋಟ ಮತ್ತು ಫೋರ್ಕಿನ ಚಿತ್ರ ಇರಬೇಕು. ಮೊದಲು ಎಣ್ಣೆಯೋ ಮಸಾಲೆಯೋ ತುಂಬಿದ್ದ ಡಬ್ಬಿ ಪುಕ್ಕಟೆ ಸಿಗುತ್ತದೆ ಅಂತ ತಮ್ಮ ಒಂದನ್ನು ಹುಡುಕಿ ತಂದಿದ್ದ. ಮುಚ್ಚಳ ತೆಗೆದು ಮೂಗು ಇಟ್ಟು ನೋಡಿ ವಾಪಸ್ ಕೊಟ್ಟೆ. ಪ್ಲಾಸ್ಟಿಕ್ಕಿಗೆ ಹಿಡಿದ ವಾಸನೆ ಹೋಗುವುದಿಲ್ಲ. ಬಿಯರಿಗೆ ಬರುತ್ತದೆ.

ಬಕೆಟ್ಟಿನ ಶತ್ರು ಗೀರು. ಉಜ್ಜುವ ನಾರು, ತಂತಿ ಬ್ರಷ್ಷು ಒಂದೂ ಹತ್ತಿರ ಬರಬಾರದು. ಗೀರಿನಲ್ಲಿ ಸೂಕ್ಷ್ಮಾಣು ಅಡಗಿ ಕೂತರೆ ಯಾವ ಮದ್ದೂ ಅಲ್ಲಿಗೆ ಇಳಿಯುವುದಿಲ್ಲ. ಮೆತ್ತನೆ ಬಟ್ಟೆ, ಬಿಸಿನೀರು, ಅಂಗೈ. ಹಾಗೆ ನೋಡಿಕೊಂಡರೂ ಕೆಲವು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆಗ ಇದೇ ಬಕೆಟ್ ಒಣ ಧಾನ್ಯ ತುಂಬಿಡಲು ಆಗುತ್ತದೆ, ನಷ್ಟ ಏನಿಲ್ಲ.

ಉಳಿದ ದುಡ್ಡಿನಲ್ಲಿ ಒಂದು ಹೈಡ್ರೋಮೀಟರ್ ತಂದೆ. ರಸ ನೀರಿಗಿಂತ ಎಷ್ಟು ಸಾಂದ್ರ ಅಂತ ತೋರಿಸುವ ತೇಲುಕಡ್ಡಿ ಅದು, ನೀರಿಗೆ 1.000; ಯೀಸ್ಟ್ ಸಕ್ಕರೆ ತಿಂದಷ್ಟೂ ಅಂಕಿ ಇಳಿಯುತ್ತದೆ. ಪಾತ್ರೆಗಿಂತ ಅದೇ ಮುಖ್ಯ ಅನ್ನುವುದು ನನ್ನ ವಾದ. ತಮ್ಮ ಒಪ್ಪಿಲ್ಲ.

ಭಾನುವಾರ, 9 ಜೂನ್, ರಾತ್ರಿ 11

ಕುದಿಸಿ, ತಣಿಸಿ, ಸುರಿದಾಯಿತು. 10 ಲೀಟರ್. ಹೈಡ್ರೋಮೀಟರ್ 1.048 ತೋರಿಸಿತು. ಬಿಸಿಯಾಗಿರುವಾಗಲೇ ಯೀಸ್ಟ್ ಹಾಕಿದರೆ ಅದು ಸಾಯುತ್ತದೆ, ಆದ್ದರಿಂದ 20 ಡಿಗ್ರಿಗೆ ಇಳಿಯುವವರೆಗೆ ಕಾದೆ. ಬೆನ್ನು ನೋಯುತ್ತಿದೆ. ಬಕೆಟ್ಟಿಗೆ ಹಿಡಿ ಇದೆ, ಅದೊಂದು ಸಮಾಧಾನ.

ಏರ್‌ಲಾಕಿಗೆ ಕುದಿಸಿ ಆರಿಸಿದ ನೀರನ್ನೇ ಹಾಕಿದೆ. ಒಳಗೆ ತಣ್ಣಗಾದರೆ ಆ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಕೊಳಕು ನೀರಾದರೆ ನೇರ ಬಿಯರಿಗೆ. ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ 1860ರ ಆಸುಪಾಸಿನಲ್ಲಿ ಹಂಸದ ಕತ್ತಿನ ಥರ ಬಾಗಿದ ಗಾಜಿನ ಬುಡ್ಡಿಯಲ್ಲಿ ಸಾರು ಕುದಿಸಿಟ್ಟು, ಧೂಳು ಬಾಗಿನಲ್ಲೇ ಸಿಕ್ಕಿಕೊಂಡರೆ ಒಳಗಿನದ್ದು ಕೆಡುವುದಿಲ್ಲ ಅಂತ ತೋರಿಸಿದ್ದ. ಈ ಪುಟ್ಟ ಪ್ಲಾಸ್ಟಿಕ್ ಕೊಳವೆಯ ಬಾಗು ನೋಡಿದಾಗೆಲ್ಲ ನನಗೆ ಆ ಬುಡ್ಡಿಯೇ ನೆನಪಾಗುತ್ತದೆ.

ಮಂಗಳವಾರ, 11 ಜೂನ್

ಬೆಳಿಗ್ಗೆ ಏಳುವ ಮೊದಲೇ ತಮ್ಮ ಬಂದ. "ಅಣ್ಣಾ, ಕೆಟ್ಟೋಗಿದೆ ಅನ್ಸತ್ತೆ. ಒಂದು ಗುಳ್ಳೆನೂ ಬರ್ತಿಲ್ಲ."

ನಿಜ, ಏರ್‌ಲಾಕ್ ಸುಮ್ಮನೆ ಕೂತಿತ್ತು. ಗುಳ್ಳೆ ಬರುವುದನ್ನೇ ಹುದುಗುವಿಕೆಯ ನಾಡಿ ಅಂತ ನಾನೂ ಮೊದಲು ನಂಬಿದ್ದೆ. ಬಕೆಟ್ಟಿನ ಮೈ ಮುಟ್ಟಿದೆ, ಕೋಣೆಗಿಂತ ಬೆಚ್ಚಗಿತ್ತು. ಯೀಸ್ಟ್ ದುಡಿಯುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಜಾಸ್ತಿ ಇರಬಹುದು. ಬೆಳಕಿಗೆ ಹಿಡಿದು ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನ ಹಿಂದೆ ನೊರೆಯ ನೆರಳು ನಾಲ್ಕು ಬೆರಳು ಎತ್ತರಕ್ಕೆ ಕಾಣುತ್ತಿತ್ತು. ಮುಚ್ಚಳದ ಅಂಚಿಗೆ ಸೋಪಿನ ನೀರು ಸವರಿದೆ. ಅಲ್ಲಿ ಪುಸುಪುಸು ಗುಳ್ಳೆ. ಗ್ಯಾಸ್ ಏರ್‌ಲಾಕ್ ಬಿಟ್ಟು ಮುಚ್ಚಳದ ಸಂದಿಯಲ್ಲಿ ಹೊರಡುತ್ತಿತ್ತು, ಅಷ್ಟೇ. ಅಗ್ಗದ ಬಕೆಟ್ಟಿಗೆ ಇದು ಮಾಮೂಲು.

"ಹಾಗಾದ್ರೆ ಮುಗೀತು ಅಂತ ಗೊತ್ತಾಗೋದು ಹೇಗೆ?" ಅಂದ. ಹೈಡ್ರೋಮೀಟರ್ ಕೈಗೆ ಕೊಟ್ಟೆ. ಏನೂ ಮಾತಾಡಲಿಲ್ಲ.

ಗುರುವಾರ, 20 ಜೂನ್

1.012.

ಭಾನುವಾರ, 23 ಜೂನ್

ಇವತ್ತೂ 1.012. ಮೂರು ದಿನದ ಅಂತರದಲ್ಲಿ ಅಂಕಿ ಅಲುಗಾಡಿಲ್ಲ, ಅಂದರೆ ಯೀಸ್ಟ್ ತಿನ್ನುವುದು ನಿಲ್ಲಿಸಿದೆ. 1.048ರಿಂದ ಇಷ್ಟಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇಕಡಾ 4.7. ಅಂಕಿ ನೋಡದೆ ಬಾಟಲಿಗೆ ತುಂಬಿ, ಒಳಗೆ ಸಕ್ಕರೆ ಉಳಿದಿದ್ದರೆ ಬಾಟಲಿಗಳೇ ಸಿಡಿಯುತ್ತವೆ. ಸೂರಿನ ಮೇಲೆ ಒಂದು ಕಲೆ ಸಾಕು.

ರುಚಿ ಚೆನ್ನಾಗಿದೆ, ಗ್ಯಾಸ್ ಇಲ್ಲದ ಬಿಯರ್ ಎಷ್ಟು ಚೆನ್ನಾಗಿರಬಹುದೋ ಅಷ್ಟು. ನಲ್ಲಿ ಬಿಟ್ಟು ಒಂದೊಂದೇ ಬಾಟಲಿ ತುಂಬಿಸುವಾಗ, ಈ ನಲ್ಲಿ ಇರುವ ಬಕೆಟ್ ತಂದದ್ದೇ ಒಳ್ಳೆಯದಾಯಿತು ಅಂತ ಹತ್ತು ಸಲ ಅಂದುಕೊಂಡಿರಬೇಕು. ಸೈಫನ್, ಅಂದರೆ ಬಿಯರನ್ನು ಮೇಲಿಂದ ಎಳೆದು ಕೆಳಗಿಳಿಸುವ ಕೊಳವೆ, ಹಿಡಿದು ಒದ್ದಾಡುವುದು ತಪ್ಪಿತು. ಬಕೆಟ್ ತೊಳೆಯಲು ಹತ್ತು ನಿಮಿಷ. ಅಂಗೈಯಲ್ಲೇ ನೊರೆಯ ಪಟ್ಟಿ ಬಿಟ್ಟುಬಂತು. ಗಾಜಿನ ಬುಡ್ಡಿಗೆ ಎರಡು ದಿನ ಹಿಡಿದಿತ್ತು.

ಆಮೇಲೆ ನಲ್ಲಿ ಬಿಚ್ಚಿದೆ. ಹೊರಗಿಂದ ಫಳಫಳ ಇತ್ತು. ವಾಷರಿನ ಹಿಂದೆ, ತಿರುಪಿನ ಸುತ್ತ ಕಂದು ಬಣ್ಣದ ಲೋಳೆ. ಒಂದೇ ಸಲ ಬಳಸಿದ್ದು, ಎರಡೇ ವಾರ. ಬಿಚ್ಚದೆ ಬರೀ ನೀರು ಹರಿಸಿ ಇಟ್ಟಿದ್ದರೆ ಮುಂದಿನ ಸಲದ 10 ಲೀಟರ್ ಹುಳಿಯಾಗಲು ಅಷ್ಟೇ ಸಾಕಿತ್ತು. ಮೂರು ತುಂಡು ಮಾಡಿ ಬಿಸಿನೀರಿನಲ್ಲಿ ನೆನೆಹಾಕಿದ್ದೇನೆ. ಇನ್ನೊಂದು ಬಕೆಟ್ ತರುವುದಾದರೆ ನಲ್ಲಿ ಇಲ್ಲದ್ದನ್ನೇ ತರುತ್ತೇನೆ, ಸೈಫನ್ ಒದ್ದಾಟವೇ ವಾಸಿ. ತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ, ನಲ್ಲಿ ಬೇಕು ಅಂತ ಹಟ ಹಿಡಿದವನೇ ಅವನು.